ಮಷೀನ್ ನೋಡದೆ ದುಡ್ಡು ಕೊಡುತ್ತೇನೆ ಎಂದವನು

ಹೋದ ವರ್ಷ ಆಷಾಢದಲ್ಲಿ ಹಳೇ ಹೊಲಿಗೆ ಮಷೀನ್ ಮಾರಲು ಹೋಗಿ ನಾನು 21,000 ರೂಪಾಯಿ ಕಳೆದುಕೊಂಡೆ. ಮಷೀನ್ ಮನೆಯಲ್ಲೇ ಉಳಿಯಿತು, ದುಡ್ಡು ಹೋಯಿತು. ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ನಮ್ಮ ಬೀದಿಯಲ್ಲೇ ಇನ್ನೊಬ್ಬರು ಹಳೇ ಫ್ರಿಜ್ ಮಾರಲು ಹೋಗಿ ಹೀಗೇ ಮೋಸ ಹೋದರು. ನಾನು ಮುಂಚೆಯೇ ಹೇಳಿದ್ದರೆ ಅವರ ದುಡ್ಡು ಉಳಿಯುತ್ತಿತ್ತೇನೋ. ಅದಕ್ಕೇ ಆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಮನೆಯ ಮುಂದಿನ ರೂಮಿನಲ್ಲೇ ನಾನು ಬ್ಲೌಸ್ ಹೊಲಿಯುತ್ತೇನೆ. ಅದಕ್ಕೂ ಮುಂಚೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಆಪರೇಟರ್ ಆಗಿದ್ದೆ. ಮನೆಯಲ್ಲಿ ಎರಡು ಮಷೀನ್ ಇದ್ದವು. ಒಂದು ಹೊಸದು, ಇನ್ನೊಂದು ಕ್ಲಚ್ ಮೋಟರ್ ಇರುವ ಹಳೇ ಜೂಕಿ ಕಂಪನಿಯದು. ಕ್ಲಚ್ ಮೋಟರ್ ಗೊತ್ತಲ್ವಾ, ಪೆಡಲ್ ತುಳಿಯಲಿ ಬಿಡಲಿ, ಸ್ವಿಚ್ ಹಾಕಿದಾಗಿನಿಂದ ಗುಂಯ್ ಅನ್ನುತ್ತಲೇ ಇರುತ್ತದೆ. ಸರ್ವೋ ಮೋಟರ್ ತುಳಿದಾಗ ಮಾತ್ರ ತಿರುಗುತ್ತದೆ, ಕರೆಂಟೂ ಉಳಿಯುತ್ತದೆ. ಆ ಹಳೆಯದನ್ನು ಮಾರಿ, ಬಂದ ದುಡ್ಡಿಗೆ ಕೈಯಿಂದ ಸ್ವಲ್ಪ ಸೇರಿಸಿ, ಬಟ್ಟೆಯ ಅಂಚು ಕತ್ತರಿಸಿ ದಾರ ಬಿಡದ ಹಾಗೆ ಹೊಲಿಯುವ ಓವರ್‌ಲಾಕ್ ಮಷೀನ್ ತರೋಣ ಅಂದುಕೊಂಡೆ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಯಿತೆಂದರೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಮಾರುವುದಿದ್ದರೆ ಆಗಲೇ ಮಾರಬೇಕಿತ್ತು.

ಮಗಳು ನಾಲ್ಕು ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿಕೊಟ್ಟಳು. ಬೆಲೆ 14,000. ಎಲ್ಲರಿಗೂ ಕಾಣುವ ಹಾಗೆ ನನ್ನ ಫೋನ್ ನಂಬರನ್ನೂ ಹಾಕಿದೆವು. ಅಲ್ಲೇ ಚಾಟ್ ಮಾಡುವ ವ್ಯವಸ್ಥೆ ಇತ್ತು, ನಂಬರ್ ಹಾಕುವ ಅಗತ್ಯವೇ ಇರಲಿಲ್ಲ. ದಯವಿಟ್ಟು ನೀವು ಹಾಕಬೇಡಿ.

ಇಪ್ಪತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. ಹಿಂದಿಯಲ್ಲಿ ಮಾತು. ತಾನು ಸೇನೆಯಲ್ಲಿದ್ದೇನೆ, ಈಗ ಯಲಹಂಕದಲ್ಲಿ ಪೋಸ್ಟಿಂಗ್, ಹೆಂಡತಿ ಹೊಲಿಗೆ ಕಲಿತಿದ್ದಾಳೆ, ಮಷೀನ್ ಬೇಕು ಎಂದ. ತುಂಬಾ ಮರ್ಯಾದೆಯ ಮಾತು. ನಾನು ಕೇಳುವ ಮುಂಚೆಯೇ ವಾಟ್ಸಾಪ್‌ನಲ್ಲಿ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್, ಯೂನಿಫಾರಂ ಹಾಕಿದ ಫೋಟೊ ಎಲ್ಲ ಕಳಿಸಿದ. ದೇಶ ಕಾಯುವವರನ್ನು ಅನುಮಾನದಿಂದ ನೋಡಲು ನಮಗೆ ಮನಸ್ಸು ಬರುವುದಿಲ್ಲ. ಅದೇ ಅವನಿಗೆ ಬೇಕಾಗಿದ್ದದ್ದು. ಆಮೇಲೆ ಠಾಣೆಯಲ್ಲಿ ಹೇಳಿದರು, ಸೈನಿಕರ ಕಾರ್ಡಿನ ಫೋಟೊ ತೋರಿಸಿ ಮೋಸ ಮಾಡುವುದು ವರ್ಷಗಳಿಂದ ನಡೆಯುತ್ತಿದೆಯಂತೆ. ಕಾರ್ಡ್ ಯಾರದ್ದೋ, ಕಳಿಸುವವನು ಇನ್ಯಾರೋ.

ಈಗ ಹಿಂತಿರುಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವನು ಮಷೀನ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಹಳೇ ಮಷೀನ್ ಕೊಳ್ಳುವವರು ಹೇಗಿರುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು, ನಾನೇ ಎರಡು ಸಲ ಕೊಂಡಿದ್ದೇನೆ. ಎಷ್ಟು ವರ್ಷದ್ದು, ಯಾವ ಮೋಟರ್, ಟೇಬಲ್ ಸ್ಟ್ಯಾಂಡ್ ಸೇರಿ ಬೆಲೆಯಾ, ಆಯಿಲ್ ಲೀಕ್ ಇದೆಯಾ, ಹುಕ್ ಬದಲಾಯಿಸಿದ್ದೀರಾ ಎಂದು ಕೇಳಿ ಕೇಳಿ ಜೀವ ತಿನ್ನುತ್ತಾರೆ. ಬಂದವರು ವೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ಎಲ್ಲಾದರೂ ಹಿಡಿಯುತ್ತದಾ ನೋಡುತ್ತಾರೆ. ಬಟ್ಟೆ ಕೊಟ್ಟು ಹೊಲಿಯಿರಿ ಎನ್ನುತ್ತಾರೆ. ಕೊನೆಗೆ ಸಾವಿರ ಎರಡು ಸಾವಿರ ಚೌಕಾಸಿ ಮಾಡದೆ ಎದ್ದು ಹೋಗುವುದಿಲ್ಲ. ಇವನು 14,000 ಎಂದರೆ 14,000ಕ್ಕೇ ಸರಿ ಎಂದ. ನೋಡಲೂ ಬರುವುದಿಲ್ಲ, ಸೇನೆಯ ಗಾಡಿ ಬಂದು ತೆಗೆದುಕೊಂಡು ಹೋಗುತ್ತದೆ, ದುಡ್ಡು ಈಗಲೇ ಹಾಕುತ್ತೇನೆ ಎಂದ. ನನಗೆ ಸಂತೋಷವೇ ಆಯಿತು. ಅನುಮಾನ ಬರಬೇಕಾಗಿದ್ದದ್ದು ಅಲ್ಲೇ. ಸಾಮಾನನ್ನು ಕಣ್ಣಲ್ಲಿ ನೋಡದೆ, ಬೆಲೆ ಕಡಿಮೆ ಮಾಡಿ ಎಂದೂ ಕೇಳದೆ ದುಡ್ಡಿನ ಮಾತಿಗೆ ಬರುವವನಿಗೆ ನಿಮ್ಮ ಸಾಮಾನು ಬೇಕಾಗಿಯೇ ಇಲ್ಲ.

ಮೊದಲು 1 ರೂಪಾಯಿ ಕಳಿಸಿದ. ಬಂತು. ‘ನಂಬಿಕೆ ಬಂತಾ ದೀದಿ?’ ಎಂದ. ಆಮೇಲೆ, ಮನೆಯಲ್ಲಿ ಇನ್ನೊಂದು ಫೋನ್ ಇದೆಯಾ ಎಂದು ಕೇಳಿದ. ನಮ್ಮತ್ತೆಯ ನಂಬರ್ ಕೊಟ್ಟೆ. ಅದಕ್ಕೆ ಕ್ಯೂಆರ್ ಕೋಡ್ ಬಂತು. ಸೇನೆಯ ಅಕೌಂಟಿನಿಂದ ಹಣ ಎರಡು ಕಂತಿನಲ್ಲಿ ಬರುತ್ತದೆ, ಈ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಮೊದಲ 7,000 ನಿಮ್ಮ ಖಾತೆಗೆ ಜಮಾ ಆಗುತ್ತದೆ ಎಂದ. ಒಂದು ಕೈಯಲ್ಲಿ ಅತ್ತೆಯ ಫೋನ್, ಇನ್ನೊಂದು ಕೈಯಲ್ಲಿ ನನ್ನ ಫೋನ್, ಸ್ಪೀಕರ್‌ನಲ್ಲಿ ಬಿಡುವಿಲ್ಲದೆ ಅವನ ಮಾತು. ಪಿನ್ ಹಾಕುವ ಮುಂಚೆ ಪರದೆಯ ಮೇಲೆ ಒಂದು ಹೆಸರು ಬಂತು. ಕಾರ್ಡಿನಲ್ಲಿದ್ದ ಹೆಸರೇ ಬೇರೆ, ಇದೇ ಬೇರೆ. ಕೇಳಿದೆ. ಅದು ಅಕೌಂಟ್ಸ್ ಆಫೀಸರ್ ಹೆಸರು ಎಂದ. ಪಿನ್ ಹಾಕಿದೆ. 7,000 ಹೋಯಿತು.

ಹೋಯಿತಲ್ಲ ಎಂದು ಕೂಗಿದೆ. ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ. ‘ಸರ್ವರ್ ತೊಂದರೆ ದೀದಿ, ಹೆದರಬೇಡಿ, ಅದೂ ಸೇರಿ ವಾಪಸ್ ಬರುತ್ತದೆ’ ಎಂದು ಇನ್ನೊಂದು ಕೋಡ್ ಕಳಿಸಿದ. ಈ ಸಲ 14,000. ಹೋದ ದುಡ್ಡನ್ನು ಹೇಗಾದರೂ ವಾಪಸ್ ತರಬೇಕು ಎನ್ನುವ ಆತುರದಲ್ಲಿ ಮನುಷ್ಯರ ತಲೆ ಓಡುವುದಿಲ್ಲ. ಅದೂ ಹೋಯಿತು. ಮೂರನೆಯದು 21,000ದ ಕೋಡ್. ಅಷ್ಟರಲ್ಲಿ ಮಗಳು ಕಾಲೇಜಿನಿಂದ ಬಂದಳು. ಬಾಗಿಲಲ್ಲೇ ನನ್ನ ಮುಖ ನೋಡಿ ಫೋನ್ ಕಿತ್ತುಕೊಂಡಳು. ‘ಅಮ್ಮಾ, ಇದು ಕೊಡೋದು. ತಗೊಳೋದಲ್ಲ!’ ಎಂದಳು. ಫೋನ್ ಕಟ್ ಆಯಿತು.

ಅವಳು ಹೇಳಿದ್ದು ಇಷ್ಟೇ. ಯುಪಿಐನಲ್ಲಿ ಹಣ ಬರುವುದಕ್ಕೆ ಪಿನ್ ಬೇಡ, ನಾವು ಸ್ಕ್ಯಾನ್ ಮಾಡುವುದೂ ಬೇಡ. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುವುದು ನಮ್ಮದು ತಾನೇ. ದಿನಾ ಮಾಡುವ ಕೆಲಸ. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ನನ್ನ ಆ್ಯಪ್ ಇಂಗ್ಲಿಷಿನಲ್ಲಿತ್ತು, ಅವಸರದಲ್ಲಿ ಓದಲೇ ಇಲ್ಲ. ಈಗ ಕನ್ನಡಕ್ಕೆ ಬದಲಾಯಿಸಿಕೊಂಡಿದ್ದೇನೆ. ಹೆಚ್ಚಿನ ಆ್ಯಪ್‌ಗಳಲ್ಲಿ ಕನ್ನಡ ಇದೆ, ಮನೆಯ ಹಿರಿಯರ ಫೋನಿನಲ್ಲೂ ಬದಲಾಯಿಸಿಕೊಡಿ. ಹಣ ಕೇಳಿ ಕಳಿಸುವ ಕಲೆಕ್ಟ್ ರಿಕ್ವೆಸ್ಟ್ ಎಂಬುದೊಂದಿತ್ತು. ವ್ಯಕ್ತಿಗಳ ನಡುವೆ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೆ ಕ್ಯೂಆರ್ ಕೋಡಿನ ಈ ದಾರಿ ಮುಚ್ಚಿಲ್ಲ.

ಅಳುತ್ತಾ ಕೂತು, ಯಜಮಾನರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಮುಕ್ಕಾಲು ಗಂಟೆ ಹಾಳುಮಾಡಿದೆ. ಆ ಮುಕ್ಕಾಲು ಗಂಟೆ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಎಟಿಎಂನಲ್ಲಿ ತೆಗೆದುಬಿಡುತ್ತಾರೆ. ಅದಕ್ಕೂ ಮುಂಚೆ ದೂರು ತಲುಪಿದರೆ ಬ್ಯಾಂಕ್ ಆ ಹಣವನ್ನು ತಡೆದಿಡುತ್ತದೆ. ಕರೆ ಮಾಡಬೇಕಾದ ನಂಬರ್ 1930. ನನ್ನ ಜೊತೆ ಕನ್ನಡದಲ್ಲೇ ಮಾತಾಡಿದರು. ಯಾವ ಬ್ಯಾಂಕು, ಖಾತೆ ನಂಬರ್, ಎಷ್ಟು ಹಣ, ಎಷ್ಟು ಹೊತ್ತಿಗೆ, ಜೊತೆಗೆ ಪ್ರತಿ ವ್ಯವಹಾರದ 12 ಅಂಕಿಯ ಯುಪಿಐ ನಂಬರ್ ಕೇಳಿದರು. ಅದು ಆ್ಯಪ್‌ನ ಹಿಸ್ಟರಿಯಲ್ಲೇ ಸಿಗುತ್ತದೆ. ನಂತರ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ತುಂಬಿ, ಮಾರನೇ ದಿನ ನಮ್ಮ ವಿಭಾಗದ ಸೆನ್ ಠಾಣೆಗೆ ಹೋದೆವು. ಸೈಬರ್ ಮೋಸಗಳನ್ನು ನೋಡಿಕೊಳ್ಳುವ ಠಾಣೆ ಅದು. ಚಾಟ್, ಅವನ ನಂಬರ್, ಕಾರ್ಡಿನ ಫೋಟೊ ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ನಾನು ಅಳಿಸಲು ಹೊರಟಿದ್ದೆ, ಮಗಳು ತಡೆದಳು.

14,000 ಆಗಲೇ ತೆಗೆದಾಗಿತ್ತು. 7,000 ಒಂದು ಖಾತೆಯಲ್ಲಿ ಸಿಕ್ಕಿತು. ಅದು ಕೋರ್ಟ್ ಆದೇಶವಾಗಿ ನನ್ನ ಖಾತೆಗೆ ವಾಪಸ್ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಮೂರು ದಿನದೊಳಗೆ ದೂರು ಕೊಟ್ಟರೆ ಬ್ಯಾಂಕ್ ಪೂರ್ತಿ ಹಣ ಕೊಡುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆಯಲ್ಲ, ಅದನ್ನು ನಂಬಿ ನಾನೂ ಬ್ಯಾಂಕಿಗೆ ಹೋಗಿದ್ದೆ. ರಿಸರ್ವ್ ಬ್ಯಾಂಕಿನ 2017ರ ಆ ನಿಯಮ ಇದ್ದದ್ದು ನಮ್ಮ ಒಪ್ಪಿಗೆ ಇಲ್ಲದೆ ಹಣ ಹೋದಾಗ. ಪಿನ್ ಹಾಕಿದ್ದು ನಾನೇ. ಬ್ಯಾಂಕಿನವರು ಆಗುವುದಿಲ್ಲ ಎಂದುಬಿಟ್ಟರು.

ಓವರ್‌ಲಾಕ್ ಕೊಳ್ಳುವಾಗ ಇನ್ನೊಂದು ಗುಂಡಿಗೆ ಬೀಳುವುದರಲ್ಲಿದ್ದೆ. ಹೊಸದರ ಅರ್ಧ ಬೆಲೆಗೆ ಒಂದು ಜಾಹೀರಾತು ಇತ್ತು. ಫೋಟೊದಲ್ಲಿ ಮಷೀನ್ ಫಳಫಳ ಹೊಳೆಯುತ್ತಿತ್ತು. ಇನ್ನೂ ಮೂರು ಜನ ಕೇಳುತ್ತಿದ್ದಾರೆ, 2,000 ಟೋಕನ್ ಹಾಕಿದರೆ ನಿಮಗೆ ಇಟ್ಟಿರುತ್ತೇನೆ ಎಂದ ಮಾರುವವನು. ಈ ಸಲ ನಾನು ಕೇಳಿದ್ದು ಒಂದೇ: ಕೆಂಪು ದಾರ ಪೋಣಿಸಿ, ಒಂದು ತುಂಡು ಬಟ್ಟೆ ಹೊಲಿದು ವಿಡಿಯೊ ಕಳಿಸಿ. ಮಷೀನ್ ಗೋಡೌನಿನಲ್ಲಿದೆ ಎಂದ. ಹಾಗಾದರೆ ಗೋಡೌನಿಗೇ ಬರುತ್ತೇವೆ ಎಂದೆ. ಆಮೇಲೆ ಫೋನ್ ಎತ್ತಲಿಲ್ಲ. ಹತ್ತು ದಿನ ಬಿಟ್ಟು ಅದೇ ಫೋಟೊ ಬೇರೆ ಊರಿನ ಹೆಸರಲ್ಲಿ ಕಂಡಿತು. ಕದ್ದ ಫೋಟೊ ಇಟ್ಟುಕೊಂಡವನು ಕೆಂಪು ದಾರ ಎಲ್ಲಿಂದ ತರುತ್ತಾನೆ? ನೀವು ಕ್ಯಾಮೆರಾ ಕೊಳ್ಳಿ, ಡ್ರಿಲ್ ಮಷೀನ್ ಕೊಳ್ಳಿ, ಅವರು ಅಲ್ಲೇ ಆಗಲೇ ಮಾಡಿ ತೋರಿಸಬೇಕಾದ ಒಂದು ಸಣ್ಣ ಕೆಲಸ ಕೇಳಿ.

ಕೊನೆಗೆ ಪೀಣ್ಯದಲ್ಲಿ ಮುಚ್ಚುತ್ತಿದ್ದ ಒಂದು ಸಣ್ಣ ಘಟಕದಿಂದ ತಂದೆವು. ಯಜಮಾನರ ಜೊತೆ ಹಗಲು ಹೊತ್ತಿನಲ್ಲಿ ಹೋದೆ. ಒಂದು ತೆಳು ಕಾಟನ್ ತುಂಡು, ಒಂದು ಹಳೇ ಜೀನ್ಸ್ ತುಂಡು ಚೀಲದಲ್ಲಿ ಹಾಕಿಕೊಂಡಿದ್ದೆ. ಜೀನ್ಸನ್ನು ಎರಡು ಮಡಿಕೆ ಮಾಡಿ ಓಡಿಸಿದಾಗಲೇ ಮಷೀನಿನ ಗುಣ ಗೊತ್ತಾಗುವುದು. ಬ್ಲೇಡ್ ಮೊಂಡಾಗಿದ್ದರೆ ಅಂಚು ಪಿಸಿಯುತ್ತದೆ. ಕೆಳಗಿನ ದಾರ ಹಿಡಿದು ಹೆಣೆಯುವ ಲೂಪರಿನ ಟೈಮಿಂಗ್ ತಪ್ಪಿದ್ದರೆ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತದೆ. ಹತ್ತು ನಿಮಿಷ ಓಡಿಸಿ ಬಿಳಿ ಬಟ್ಟೆಯ ಮೇಲೆ ಎಣ್ಣೆ ಕಲೆ ಬೀಳುತ್ತದಾ ನೋಡಿದೆ. ಹಳೇ ಬಿಲ್ ಕೇಳಿದೆ, ಸೀರಿಯಲ್ ನಂಬರಿನ ಫೋಟೊ ತೆಗೆದುಕೊಂಡೆ. ಬಿಲ್ ಕೇಳುವುದು ಸಂಕೋಚ ಅಂತ ಬಿಡಬೇಡಿ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೊಂಡವರ ಮೇಲೂ ಕೇಸು. ಗೊತ್ತಿಲ್ಲದೆ ಕೊಂಡರೂ ಪೊಲೀಸರು ಸಾಮಾನು ತೆಗೆದುಕೊಂಡು ಹೋದರೆ ನಷ್ಟ ನಮಗೇ. ಹಳೇ ಮೊಬೈಲ್ ಆದರೆ ಇನ್ನೂ ಸುಲಭ. ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕಳುವಾಗಿ ಬ್ಲಾಕ್ ಆದ ಫೋನ್ ಆಗಿದ್ದರೆ ಗೊತ್ತಾಗುತ್ತದೆ.

ಹಳೇ ಜೂಕಿಯನ್ನೂ ಆಮೇಲೆ ಮಾರಿದೆ, ಅದೇ ರೀತಿ ಜಾಹೀರಾತು ಹಾಕಿಯೇ. ಹೆದರಿ ಬಿಟ್ಟುಬಿಡಬೇಕಾಗಿಲ್ಲ ಎಂದು ಹೇಳಲಿಕ್ಕೇ ಇದನ್ನೂ ಬರೆಯುತ್ತಿದ್ದೇನೆ. ತಾವರೆಕೆರೆ ಕಡೆಯಿಂದ ಒಬ್ಬ ಹುಡುಗಿ ಅವಳ ತಾಯಿಯ ಜೊತೆ ಬಂದಿದ್ದಳು. ಮೊದಲು ಮನೆ ವಿಳಾಸ ಕೊಡಲಿಲ್ಲ, ಬಸ್ ಸ್ಟಾಪಿನ ಹತ್ತಿರದ ಬೇಕರಿಯಲ್ಲಿ ಭೇಟಿಯಾಗಿ, ಮಾತಾಡಿ, ಮನೆಯಲ್ಲಿ ಯಜಮಾನರು ಇದ್ದಾಗ ಕರೆದುಕೊಂಡು ಬಂದೆ. ಹುಡುಗಿ ಮಷೀನ್ ಮುಂದೆ ಕೂತು ಅರ್ಧ ಗಂಟೆ ಹೊಲಿದಳು. ಮೋಟರ್ ಸದ್ದು ಜಾಸ್ತಿ ಅಲ್ವಾ ಅಕ್ಕಾ ಎಂದಳು. ಹೌದು, ಕ್ಲಚ್ ಮೋಟರ್ ಇರುವುದೇ ಹಾಗೆ, ಮುಂದೆ ಬೇಕಾದರೆ ಸರ್ವೋ ಹಾಕಿಸಿಕೋ ಎಂದೆ. ಅವಳ ತಾಯಿ 11,000ದಿಂದ ಶುರುಮಾಡಿ 12,500ಕ್ಕೆ ನಿಂತರು. ಹಣ ಹಾಕಿದ ಸ್ಕ್ರೀನ್‌ಶಾಟ್ ತೋರಿಸಿದರು. ಸ್ಕ್ರೀನ್‌ಶಾಟನ್ನೂ ಮೆಸೇಜನ್ನೂ ನಾನು ಈಗ ನಂಬುವುದಿಲ್ಲ, ಎರಡನ್ನೂ ಸುಳ್ಳು ಮಾಡಬಹುದು. ಒಂದು ನಿಮಿಷ ತಾಳಿ ಅಮ್ಮಾ ಎಂದು ಬ್ಯಾಂಕಿನ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ‘ನೋಡ್ಕೊಳಿ, ನೋಡ್ಕೊಳಿ’ ಎಂದರು. ಬಿಳಿ ಹಾಳೆಯಲ್ಲಿ ಮಾಡೆಲ್, ಸೀರಿಯಲ್ ನಂಬರ್, ಬೆಲೆ, ತಾರೀಕು ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಮಷೀನ್ ಟೆಂಪೋ ಹತ್ತಿತು.

ಮುಂದಿನ ವಾರ ಹುಡುಗಿ ಫೋನ್ ಮಾಡಿದಳು, ಬಟ್ಟೆಯ ಕೆಳಗಡೆ ದಾರ ಗಂಟು ಕಟ್ಟುತ್ತಿದೆ ಅಕ್ಕಾ ಎಂದು. ಮೇಲಿನ ದಾರ ಟೆನ್ಷನ್ ಡಿಸ್ಕಿನೊಳಗೆ ಸರಿಯಾಗಿ ಕೂತಿದೆಯಾ ನೋಡು ಎಂದೆ. ಕೂತಿರಲಿಲ್ಲ.