ಪಿಕಪ್‌ಗೆ ಸ್ನೋ ಚೈನ್ ತಗೊಳ್ಳುವ ಮುಂಚೆ ಚಕ್ರದ ಹಿಂದೆ ಕೈ ಹಾಕಿ ನೋಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಚಳಿಗಾಲದಲ್ಲಿ ಸ್ನೋ ಬೀಳುವ ಟಾಹೋ ಬೆಟ್ಟಗಳ ಕಡೆ ಪಿಕಪ್ ತಗೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ನೋ ಚೈನ್ ಅಂದರೆ ಹಿಮದ ಮೇಲೆ ಜಾರದ ಹಾಗೆ ಟೈರ್‌ಗೆ ಸುತ್ತುವ ಸರಪಳಿ. ಟೈರ್ ಸೈಜ್ ಮ್ಯಾಚ್ ಆದರೆ ಸಾಕು, ಚೈನ್ ಹಾಕಬಹುದು ಅಂತ ಅಂಗಡಿಯವರು ಹೇಳುತ್ತಾರೆ. ಈಗಿನ ಪಿಕಪ್‌ಗಳಿಗೆ ಅದು ಸಾಲದು. ಆ ಮಾತಿನಿಂದ ನಮ್ಮ ಗಾಡಿಯ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪ್, ಹರಿದುಹೋಗುವುದೊಂದು ಬಾಕಿ ಇತ್ತು. ಆಗ ಗಾಡಿಯಲ್ಲಿ ಮಗಳಿದ್ದಳು, ಸ್ನೋ ನೋಡಬೇಕು ಅಂತ ಹಾಸನದಿಂದ ಬಂದಿದ್ದ ಅತ್ತೆ ಮಾವ ಇದ್ದರು.

ಗಾಡಿ ಸೆಕೆಂಡ್ ಹ್ಯಾಂಡ್. ಫೋರ್ ವೀಲ್ ಡ್ರೈವ್, 20 ಇಂಚಿನ ಚಕ್ರ. ಮಾರಿದ ಡೀಲರ್ 'ಟೈರ್ ಚೆನ್ನಾಗಿದೆ, ವಿಂಟರ್‌ಗೆ ಏನೂ ತೊಂದರೆ ಇಲ್ಲ' ಅಂದಿದ್ದ. ಬಿಡಿಭಾಗದ ಅಂಗಡಿಯಲ್ಲಿ ಕೌಂಟರ್ ಹುಡುಗ ಟೈರ್ ಪಕ್ಕದ ನಂಬರ್ ಕೇಳಿದ, ಕಂಪ್ಯೂಟರ್ ನೋಡಿದ, ಒಂದು ಡಬ್ಬ ತಂದಿಟ್ಟ. 'ಇದು ಪಿಕಪ್‌ಗೇ ಅಂತ ಮಾಡಿದ್ದು, ಕೊಂಡಿ ದಪ್ಪ ಇದೆ, ಗಟ್ಟಿ' ಅಂದ. ಯಾವ ಮಾಡೆಲ್, ಗಾಡಿಯ ಮ್ಯಾನ್ಯುವಲ್ ಏನು ಹೇಳುತ್ತೆ ಅಂತ ಒಂದು ಮಾತೂ ಕೇಳಲಿಲ್ಲ.

ಇಂಟರ್‌ಸ್ಟೇಟ್ 80ರಲ್ಲಿ ಕಾಲ್‌ಫ್ಯಾಕ್ಸ್ ತನಕ ಬರೀ ಮಳೆ. ನಯಾಕ್ ಹತ್ತಿರ ಬಂದಾಗ ಆರ್-2 ಬೋರ್ಡ್ ಹಾಕಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಆರ್-2 ಅಂದರೆ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ಗಾಡಿ ಬಿಟ್ಟು ಉಳಿದವರೆಲ್ಲ ಚೈನ್ ಹಾಕಲೇಬೇಕು. ಆ ಗಾಡಿಯವರೂ ಚೈನ್ ಜೊತೆಗೆ ಇಟ್ಟುಕೊಂಡಿರಬೇಕು. ಆರ್-3 ಬಂದರೆ ಯಾರಿಗೂ ವಿನಾಯಿತಿ ಇಲ್ಲ. ಟೈರ್ ಮೇಲೆ 'ಎಂ+ಎಸ್' (ಮಡ್ ಮತ್ತು ಸ್ನೋ) ಅಂತ ಇದ್ದರೆ ಅದನ್ನೂ ಸ್ನೋ ಟೈರ್ ಅಂತಲೇ ಲೆಕ್ಕ ಹಾಕುತ್ತಾರೆ. ಆದರೆ ಅದರ ಹಲ್ಲಿನ (ಟ್ರೆಡ್) ಆಳ ಕನಿಷ್ಠ 6/32 ಇಂಚು, ಅಂದರೆ ಹತ್ತಿರ ಹತ್ತಿರ 5 ಮಿ.ಮೀ. ಇರಬೇಕು. ಡೀಲರ್ 'ಚೆನ್ನಾಗಿದೆ' ಅಂದ ಟೈರ್ ಅಷ್ಟಿರಲಿಲ್ಲ. ಚೆಕ್ ಮಾಡಿದವರು ಚೈನ್ ಹಾಕಿ ಅಂದರು.

ರಸ್ತೆ ಪಕ್ಕದಲ್ಲಿ ದುಡ್ಡಿಗೆ ಚೈನ್ ಹಾಕಿಕೊಡುವವರು ಇರುತ್ತಾರೆ. ಅವರಲ್ಲೊಬ್ಬ ಬಂದು, ಸ್ಟೀರಿಂಗ್ ಹಿಡಿತ ಮುಖ್ಯ ಅಂತ ಹೇಳಿ ಮುಂದಿನ ಚಕ್ರಗಳಿಗೆ ಹಾಕಿದ. ರಸೀದಿ ಕೊಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿಕೊಳ್ಳಬೇಕು ಅಂತಲೂ ಹೇಳಲಿಲ್ಲ.

ಹೊರಟ ಮೇಲೆ ಚಕ್ರದಿಂದ ಟಕ್ ಟಕ್ ಅಂತ ಸದ್ದು. ಚೈನ್ ಹಾಕಿದರೆ ಸದ್ದು ಇದ್ದೇ ಇರುತ್ತೆ, ಆದರೆ ಇದು ತಿರುವು ಬಂದಾಗ ಜಾಸ್ತಿ ಆಗುತ್ತಿತ್ತು. ಮೊದಲು ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ಎಚ್ಚರಿಕೆ ಲೈಟ್ ಬಂತು, ಹಿಂದೆಯೇ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಲೈಟ್. ಮಾವ ಹಿಂದಿನ ಸೀಟಿನಿಂದ 'ಏನಪ್ಪಾ ಅದು ಸದ್ದು, ಗಾಡಿ ನಿಲ್ಸು ಮೊದ್ಲು' ಅಂದರು. ನಮ್ಮವರು ಸಿಸ್ಕೋ ಗ್ರೋವ್ ಎಕ್ಸಿಟ್‌ನಲ್ಲಿ ಇಳಿಸಿ ನಿಲ್ಲಿಸಿದರು.

ಟಾರ್ಚ್ ಬಿಟ್ಟು ನೋಡಿದರೆ ಚಕ್ರದ ಒಳಮೈ ಪಕ್ಕದ ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು) ಮೇಲೆ ಕಪ್ಪು ಬಣ್ಣ ಕೆತ್ತಿಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಚಕ್ರದ ವೇಗ ಅಳೆಯುವ ಸೆನ್ಸರ್ ವೈರ್ ತುಂಡಾಗಿ ತಾಮ್ರದ ಎಳೆ ಹೊರಗೆ ಬಂದಿತ್ತು. ಅದರ ಪಕ್ಕದಲ್ಲೇ ಬ್ರೇಕ್ ಹೋಸ್. ಮೇಲಿನ ರಬ್ಬರ್ ಒಂದು ಕಡೆ ಪೂರ್ತಿ ಸವೆದು ಒಳಗಿನ ನೂಲು ಕಾಣುತ್ತಿತ್ತು. ನಾನು ಅದನ್ನು ಬೆರಳಲ್ಲಿ ಮುಟ್ಟಿದೆ, ಕೈ ನಡುಗಿತು. ಆ ಹೋಸ್ ಡಾನರ್ ಸಮ್ಮಿಟ್ ದಾಟಿ ಟ್ರಕ್ಕಿ ಕಡೆ ಇಳಿಜಾರಿನಲ್ಲಿ ಹರಿದಿದ್ದರೆ ಅಂತ ಈಗಲೂ ಯೋಚನೆ ಬರುತ್ತೆ. ಟೋ ಟ್ರಕ್‌ಗೆ ಕಾದೆವು. ಅದರ ಬಿಲ್, ರಿಪೇರಿ ಬಿಲ್ ಎರಡೂ ನಮ್ಮ ತಲೆ ಮೇಲೆ ಬಂತು. ಬಳಸಿದ ಚೈನ್ ವಾಪಸ್ ಇಲ್ಲ ಅಂದರು ಅಂಗಡಿಯವರು.

ಆಮೇಲೆ ಮೆಕ್ಯಾನಿಕ್ ಮ್ಯಾನ್ಯುವಲ್ ತೆಗೆದು ತೋರಿಸಿದ. ನಮ್ಮ ಮಾಡೆಲ್‌ನಲ್ಲಿ 18 ಇಂಚಿನ ಚಕ್ರವಾದರೆ ಎಸ್ ದರ್ಜೆಯ ಚೈನ್, ಅದೂ ಹಿಂದಿನ ಚಕ್ರಕ್ಕೆ ಮಾತ್ರ. 20 ಇಂಚಿಗೆ ಚೈನ್ ಹಾಕಲೇಬಾರದು. ಗಾಡಿ ಒಂದೇ, ರಿಮ್ ಬದಲಾದರೆ ನಿಯಮವೇ ಬೇರೆ! ಇದನ್ನು ಡೀಲರ್ ಹೇಳಲ್ಲ, ಅಂಗಡಿಯವರು ಕೇಳಲ್ಲ.

ಎಸ್ ದರ್ಜೆ ಅಂದರೇನು ಅಂತ ತಿಳಿದುಕೊಳ್ಳಿ. ವಾಹನ ಎಂಜಿನಿಯರ್‌ಗಳ ಎಸ್‌ಎಇ ಸಂಸ್ಥೆ ಚೈನ್‌ಗಳನ್ನು ಎಸ್, ಯು, ಡಬ್ಲ್ಯೂ ಅಂತ ವಿಂಗಡಿಸಿದೆ. ಇದು ಚೈನ್ ಎಷ್ಟು ಗಟ್ಟಿ ಅನ್ನುವ ಲೆಕ್ಕ ಅಲ್ಲ. ಗಾಡಿಯಲ್ಲಿ ಅದಕ್ಕೆ ಎಷ್ಟು ಜಾಗ ಬೇಕು ಅನ್ನುವ ಲೆಕ್ಕ. ಎಸ್ ದರ್ಜೆಗೆ ಟೈರ್ ಮೇಲ್ಮೈಗೂ ಗಾಡಿಗೂ ನಡುವೆ ಕನಿಷ್ಠ 37 ಮಿ.ಮೀ., ಟೈರ್ ಪಕ್ಕದಲ್ಲಿ 15 ಮಿ.ಮೀ. ಜಾಗ ಇರಬೇಕು. ಯು ದರ್ಜೆಗೆ 50 ಮತ್ತು 23. ಡಬ್ಲ್ಯೂಗೆ ಸುಮಾರು 63 ಮತ್ತು 38. ನಮಗೆ ಮಾರಿದ್ದು ಡಬ್ಲ್ಯೂ. ನಮ್ಮ ಮುಂದಿನ ಚಕ್ರದ ಒಳಗಡೆ ಒಂದು ಬೆರಳು ತೂರಿಸುವುದೇ ಕಷ್ಟ.

ಹಳೇ ಪಿಕಪ್‌ಗಳಲ್ಲಿ ಮಡ್‌ಗಾರ್ಡ್ ಒಳಗೆ ಕೈ ಆಡಿಸುವಷ್ಟು ಜಾಗ ಇರುತ್ತಿತ್ತು. ಈಗ ರಿಮ್ ದೊಡ್ಡದು, ಟೈರ್ ಅಗಲ, ಮುಂದಿನ ಸಸ್ಪೆನ್ಷನ್ ಆರ್ಮ್ ಟೈರ್‌ಗೆ ಒತ್ತಿಕೊಂಡೇ ಇರುತ್ತೆ. ಹತ್ತಿರದಲ್ಲೇ ಸೆನ್ಸರ್ ವೈರ್, ಬ್ರೇಕ್ ಹೋಸ್. ಚೈನ್ ಸಡಿಲವಾದರೆ ಅಥವಾ ಒಂದು ಕೊಂಡಿ ತುಂಡಾದರೆ ಅದು ಪ್ರತಿ ಸುತ್ತಿಗೂ ಚಾಟಿಯ ಹಾಗೆ ಅಲ್ಲೇ ಬಡಿಯುತ್ತೆ.

ಮುಂದಕ್ಕೋ ಹಿಂದಕ್ಕೋ ಅನ್ನುವುದನ್ನು ದಾರಿಯಲ್ಲಿ ಸಿಕ್ಕವರ ಮಾತಿಗೆ ಬಿಡಬೇಡಿ, ಮ್ಯಾನ್ಯುವಲ್ ನೋಡಿ. ಹಿಂದೆ ಲೋಡ್ ಇಲ್ಲದ ಪಿಕಪ್‌ನ ಹಿಂಭಾಗ ಹಗುರ. ಮುಂದೆ ಮಾತ್ರ ಚೈನ್ ಇದ್ದು ಬ್ರೇಕ್ ಒತ್ತಿದರೆ ಹಿಂದಿನ ಭಾಗ ಪಕ್ಕಕ್ಕೆ ಜಾರಿಕೊಂಡು ಬರಬಹುದು.

ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಟೈರ್ ಸೈಜ್‌ಗೆ ಬಾಗಿಲ ಬಳಿಯ ಸ್ಟಿಕ್ಕರ್ ನಂಬಬೇಡಿ. ಹಿಂದಿನವರು ಟೈರ್ ಬದಲಾಯಿಸಿರಬಹುದು. ಟೈರ್ ಪಕ್ಕದಲ್ಲಿ ಅಚ್ಚಾಗಿರುವ ನಂಬರ್ರೇ ಸರಿ. ಆದರೆ ಆ ಸ್ಟಿಕ್ಕರ್‌ನಲ್ಲಿ ತೂಕ ನೋಡಿಕೊಳ್ಳಿ. ಆರ್-2ಗಿಂತ ಸಡಿಲ ನಿಯಮದ ಆರ್-1 ಬೋರ್ಡ್ ಇದ್ದಾಗ ಸ್ನೋ ಟೈರ್ ಇರುವವರಿಗೆ ಸಿಗುವ ವಿನಾಯಿತಿ 6,000 ಪೌಂಡ್ ಒಳಗಿನ ಗಾಡಿಗಳಿಗೆ. ದೊಡ್ಡ ಪಿಕಪ್ ಎಷ್ಟೋ ಇದನ್ನು ದಾಟುತ್ತವೆ.

ಚೈನ್ ಹಾಕಿಕೊಡುವವರು ರಾಜ್ಯದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್ ನೌಕರರಲ್ಲ. ಪರ್ಮಿಟ್ ಇರುವವರ ಹತ್ತಿರ ಬ್ಯಾಡ್ಜ್ ನಂಬರ್ ಇರುತ್ತೆ. ರಸೀದಿ ಕೇಳಿ, ಅದರ ಮೇಲೆ ಆ ನಂಬರ್ ಬರೆದುಕೊಳ್ಳಿ. ಅವರು ಚೈನ್ ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗೂ ಇಲ್ಲ. ಪಿಕಪ್ಪನ್ನೇ ಬಾಡಿಗೆಗೆ ತಗೊಳ್ಳುವವರು ಕರಾರು ಓದಿ. ಚೈನ್ ಹಾಕಲೇಬಾರದು ಅಂತ ಎಷ್ಟೋ ಕಂಪನಿಗಳು ಬರೆದಿರುತ್ತವೆ.

ನಾವೀಗ ಚಳಿಗಾಲಕ್ಕೆ ಅಂತಲೇ 18 ಇಂಚಿನ ರಿಮ್, ನಾಲ್ಕೂ ಕಡೆ ಸ್ನೋ ಟೈರ್ ಹಾಕಿಸಿದ್ದೇವೆ. ಎಸ್ ದರ್ಜೆಯ ಕೇಬಲ್ ಚೈನ್ ಗಾಡಿಯಲ್ಲೇ ಇರುತ್ತೆ. ಮನೆ ಮುಂದೆ ಒಣ ನೆಲದ ಮೇಲೆ ಹಿಂದಿನ ಚಕ್ರಕ್ಕೆ ಹಾಕಿ, ನಿಧಾನಕ್ಕೆ ಸ್ವಲ್ಪ ಉರುಳಿಸಿ, ಒಳಗಡೆ ಎಲ್ಲೂ ತಾಗಲ್ಲ ಅಂತ ಟಾರ್ಚ್ ಬಿಟ್ಟು ನೋಡಿದೆವು. ನೀವೂ ಹೀಗೇ ಮಾಡಿ. ಒಳಗಿನ ಕೊಕ್ಕೆ ಮೊದಲು ಹಾಕಿ, ಆಮೇಲೆ ಹೊರಗಿನದು. ಕೊಕ್ಕೆಯ ಬಾಯಿ ಟೈರ್ ಕಡೆ ಇರಬಾರದು. ಚೈನ್ ಕೊಳ್ಳುವಾಗಲೇ, ಮನೇಲಿ ಹಾಕಿ ನೋಡಿ ಸರಿ ಆಗದಿದ್ದರೆ ವಾಪಸ್ ತಗೊಳ್ಳುತ್ತೀರಾ ಅಂತ ಅಂಗಡಿಯವರನ್ನು ಕೇಳಿ, ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.