ಹಳೆಯ ವಿಂಡೋಸ್‌ಗೆ ಡ್ರೈವರ್ ಹುಡುಕುವ ದಾರಿಗಳು: ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು

ವಿಂಡೋಸ್ 8 ಅಥವಾ 10ರೊಂದಿಗೆ ಬಂದ ಲ್ಯಾಪ್‌ಟಾಪ್‌ಗೆ ವಿಂಡೋಸ್ 7 ಹಾಕುತ್ತೇನೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಆದರೆ ಹಾಗೆ ಮಾಡುವವರಿಗೆ ಸಾಮಾನ್ಯವಾಗಿ ಗಟ್ಟಿ ಕಾರಣವೇ ಇರುತ್ತದೆ. ನನ್ನ ಕಾರಣ ಒಂದು ಸ್ಕ್ಯಾನರ್. ಹಳೆಯ ಫೋಟೊ ನೆಗೆಟಿವ್‌ಗಳನ್ನು ಸೊಗಸಾಗಿ ಸ್ಕ್ಯಾನ್ ಮಾಡುವ ಈ ಯಂತ್ರದ ಕೊನೆಯ ಡ್ರೈವರ್, ಅಂದರೆ ಅದನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ, ಬಂದದ್ದು 32 ಬಿಟ್ ವಿಂಡೋಸ್ 7ಕ್ಕೆ. (ವಿಂಡೋಸ್ 32 ಬಿಟ್, 64 ಬಿಟ್ ಎಂದು ಎರಡು ಬಗೆ; ಒಂದರ ಡ್ರೈವರ್ ಇನ್ನೊಂದಕ್ಕೆ ಆಗದು.) ಯಂತ್ರದ ಲೆನ್ಸು, ಮೋಟಾರು ಎಲ್ಲ ಇನ್ನೂ ಚೆನ್ನಾಗಿವೆ. ಸಾಫ್ಟ್‌ವೇರ್ ಮುಂದುವರಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ. ಹಾಗಾಗಿ ಮೂರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ, ವಿಂಡೋಸ್ 8ರೊಂದಿಗೆ ಮಾರಾಟವಾಗಿದ್ದ ಲ್ಯಾಪ್‌ಟಾಪ್ ಒಂದನ್ನು ಸ್ಕ್ಯಾನರ್‌ಗೆಂದೇ ಮೀಸಲಿಟ್ಟೆ.

ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಇಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ, ಇಮೇಲ್ ಬೇಡವೇ ಬೇಡ. ಡ್ರೈವರ್ ಕೆಲಸ ಮುಗಿದ ಮೇಲೆ ನಾನು ಅದರ ಇಂಟರ್ನೆಟ್ ಸಂಪರ್ಕವನ್ನೇ ತೆಗೆದಿದ್ದೇನೆ.

ವಿಂಡೋಸ್ ಹಾಕುವುದು ಕಷ್ಟವಲ್ಲ. 32 ಬಿಟ್ ವಿಂಡೋಸ್ 7 ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಬೂಟ್ ಆಗುವುದಿಲ್ಲ. ಆದ್ದರಿಂದ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟನ್ನು ನಿಲ್ಲಿಸಿ, ಲೆಗಸಿ ಎಂಬ ಹಳೆಯ ವಿಧಾನಕ್ಕೆ ಬದಲಿಸಬೇಕು, ಅಷ್ಟೇ. ನಿಜವಾದ ಕೆಲಸ ಶುರುವಾಗುವುದು ಡೆಸ್ಕ್‌ಟಾಪ್ ಕಾಣಿಸಿಕೊಂಡ ಮೇಲೆ. ವೈಫೈ ಇಲ್ಲ, ತಂತಿಯ ಲ್ಯಾನ್ ಇಲ್ಲ, ಅಕ್ಷರಗಳು ಊದಿಕೊಂಡಂತೆ ದಪ್ಪಗೆ ಕಾಣುತ್ತವೆ, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗುವುದಿಲ್ಲ. ವಿಂಡೋಸ್ 7 ಬಂದದ್ದು 2009ರಲ್ಲಿ. ಯುಎಸ್‌ಬಿ 3.0ರ ಡ್ರೈವರ್ ಅದರೊಳಗೆ ಇಲ್ಲ. ಪಕ್ಕದ ಕಪ್ಪು ಪೋರ್ಟ್ ಒಂದೇ ಹೊರಗಿನಿಂದ ಏನನ್ನಾದರೂ ಒಳಗೆ ತರುವ ಬಾಗಿಲು.

ಯಂತ್ರದೊಳಗಿನ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಚಿಹ್ನೆಗಳ ಸಾಲು. ಅಲ್ಲಿನ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಅವುಗಳ ಅರ್ಥ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 'ನೆಟ್‌ವರ್ಕ್ ಕಂಟ್ರೋಲರ್' ಎಂದಿದ್ದರೆ ಅದು ವೈಫೈ, 'ಈಥರ್ನೆಟ್ ಕಂಟ್ರೋಲರ್' ಎಂದಿದ್ದರೆ ಲ್ಯಾನ್. 'ಎಸ್‌ಎಂ ಬಸ್ ಕಂಟ್ರೋಲರ್' ಎಂಬುದು ಚಿಪ್‌ಸೆಟ್‌ನ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಭಾಗ. 'ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್' ಎಂಬ ಉದ್ದ ಹೆಸರಿನದು ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಒಳ ನಿಯಂತ್ರಣ ಭಾಗ. 'ಬೇಸ್ ಸಿಸ್ಟಮ್ ಡಿವೈಸ್' ಬಹುಮಟ್ಟಿಗೆ ಮೆಮೊರಿ ಕಾರ್ಡ್ ರೀಡರ್. ಎಲ್ಲಕ್ಕೂ ಒಂದೇ ದೂರು, ಕೋಡ್ 28: ಡ್ರೈವರ್ ಇಲ್ಲ.

ಈ ಸಾಲನ್ನು ಖಾಲಿ ಮಾಡಲು ಇರುವ ದಾರಿಗಳನ್ನು ಒಂದೇ ಯಂತ್ರದಲ್ಲಿ ಒಂದಾದ ಮೇಲೊಂದರಂತೆ ಪರೀಕ್ಷಿಸಿದೆ.

ತಯಾರಕರ ತಾಣ

ಎಲ್ಲರೂ ಮೊದಲು ಹೇಳುವುದು ಇದನ್ನೇ. ಅದರಲ್ಲಿ ಅರ್ಥವೂ ಇದೆ. ಲ್ಯಾಪ್‌ಟಾಪ್‌ನ ತಳದಲ್ಲಿರುವ ಸೀರಿಯಲ್ ಸಂಖ್ಯೆ ಕೊಟ್ಟರೆ ಆ ಮಾದರಿಗೆಂದೇ ಪರೀಕ್ಷಿಸಿದ ಡ್ರೈವರ್‌ಗಳು ಸಿಗುತ್ತವೆ. ತೊಂದರೆ ಏನೆಂದರೆ, ಯಂತ್ರ ಯಾವ ವಿಂಡೋಸ್‌ನೊಂದಿಗೆ ಮಾರಾಟವಾಗಿತ್ತೋ ತಾಣವೂ ಅದನ್ನೇ ಹಿಡಿದು ಕೂರುತ್ತದೆ. ಕಾರ್ಯಾಚರಣೆ ವ್ಯವಸ್ಥೆಯ ಪಟ್ಟಿಯನ್ನು ಕೈಯಾರೆ ಬದಲಿಸಿದಾಗಲೇ ವಿಂಡೋಸ್ 7ರ ಸಾಲು ಕಾಣಿಸಿತು. ಅದೂ 64 ಬಿಟ್‌ನದು ಮಾತ್ರ. ನನಗೆ ಬೇಕಿದ್ದ 32 ಬಿಟ್‌ಗೆ ಅಲ್ಲಿ ಜಾಗವೇ ಇರಲಿಲ್ಲ.

ಹಾಗೆಂದು ಈ ದಾರಿಯನ್ನು ತಳ್ಳಿಹಾಕಬೇಡಿ. ಪ್ರಕಾಶ ಹೆಚ್ಚಿಸುವ, ವೈಫೈ ನಿಲ್ಲಿಸುವ ವಿಶೇಷ ಕೀಲಿಗಳು, ಲ್ಯಾಪ್‌ಟಾಪ್ ಕೆಳಗೆ ಬೀಳುವಾಗ ಹಾರ್ಡ್‌ಡಿಸ್ಕನ್ನು ಕಾಪಾಡುವ ಸೆನ್ಸರ್, ಬಯಾಸ್ ಅಪ್‌ಡೇಟ್, ಇವು ತಯಾರಕರು ತಾವೇ ಸೇರಿಸಿದ ವಸ್ತುಗಳು. ಬೇರೆ ಕಡೆ ಇವಕ್ಕೆ ಒಳ್ಳೆಯ ಡ್ರೈವರ್ ಸಿಗುವುದು ಅಪರೂಪ. ಇಲ್ಲಿ ನನಗೆ ನೆರವಾದ ಒಂದು ಉಪಾಯವಿದೆ. ಅದೇ ಕಂಪನಿ ಅದೇ ವರ್ಷ ಕಚೇರಿಗಳಿಗೆಂದು ಮಾರಿದ ಲ್ಯಾಪ್‌ಟಾಪ್‌ಗಳ ಪುಟ ನೋಡಿ. ಆ ಕಾಲದಲ್ಲಿ ಕಚೇರಿಗಳು ವಿಂಡೋಸ್ 7 ಬಿಟ್ಟು ಕದಲಿರಲಿಲ್ಲ. ಹಾಗಾಗಿ ಅದೇ ಚಿಪ್‌ಸೆಟ್ ಇರುವ ಕಚೇರಿ ಮಾದರಿಗೆ 32 ಬಿಟ್ ಡ್ರೈವರ್‌ಗಳೂ ಸಿದ್ಧವಾಗಿದ್ದವು. ವಿಶೇಷ ಕೀಲಿಗಳ ಡ್ರೈವರ್ ನನಗೆ ಸಿಕ್ಕಿದ್ದು ಹೀಗೆ.

ಚಿಪ್ ತಯಾರಕರ ತಾಣಗಳು ಒಂದು ಕಾಲದಲ್ಲಿ ಇದಕ್ಕಿಂತ ಉತ್ತಮ ಆಸರೆಯಾಗಿದ್ದವು. ಈಗ ಅಷ್ಟು ನೆಚ್ಚುವಂತಿಲ್ಲ. ಇಂಟೆಲ್ 2019ರಲ್ಲಿ ತನ್ನ ತಾಣದಿಂದ ತುಂಬ ಹಳೆಯ ಬಯಾಸ್ ಮತ್ತು ಡ್ರೈವರ್ ಫೈಲ್‌ಗಳನ್ನು ತೆಗೆದುಹಾಕಿತು. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಒಂದು ಲ್ಯಾನ್ ಡ್ರೈವರ್ ಕೆಲವು ಮೆಗಾಬೈಟ್ ಇರುತ್ತದೆ, ಅಷ್ಟೇ. ಅದನ್ನು ಉಳಿಸಿಡಲು ದೊಡ್ಡ ಕಂಪನಿಗೆ ತಗಲುವ ಖರ್ಚು ಲೆಕ್ಕಕ್ಕೇ ಬಾರದು. ಅದು ಇಲ್ಲವಾದರೆ ಕೆಲಸ ಮಾಡುತ್ತಿರುವ ಯಂತ್ರವೊಂದು ಮೂಲೆ ಸೇರುತ್ತದೆ. ಬೆಂಬಲ ನಿಲ್ಲಿಸಲಿ, ತಪ್ಪಿಲ್ಲ. ಫೈಲನ್ನಾದರೂ ಇರಲು ಬಿಡಬೇಕು.

ವಿಂಡೋಸ್ ಅಪ್‌ಡೇಟ್

ತಾನೇ ಹುಡುಕಿ ತಾನೇ ಹಾಕುವ ಈ ದಾರಿ ಹೊಸದಾಗಿ ಹಾಕಿದ ವಿಂಡೋಸ್ 7ರಲ್ಲಿ ಕೂಡಲೇ ಕೆಲಸ ಮಾಡುವುದಿಲ್ಲ. 80072ಇಎಫ್ಇ ಎಂಬ ದೋಷಸಂಖ್ಯೆ ತೋರಿಸಿ ನಿಂತುಬಿಡುತ್ತದೆ. 2020ರಲ್ಲಿ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್ ಸರ್ವರ್‌ಗಳಲ್ಲಿ, ಫೈಲ್ ಅಸಲಿಯೇ ಎಂದು ಖಚಿತಪಡಿಸುವ ಹಳೆಯ ಎಸ್‌ಎಚ್‌ಎ-1 ಸಹಿಯ ವ್ಯವಸ್ಥೆಯನ್ನು ಕೈಬಿಟ್ಟಿತು. ಹೊಸ ಎಸ್‌ಎಚ್‌ಎ-2 ಸಹಿಯನ್ನು ಗುರುತಿಸುವುದು ಹಳೆಯ ಡಿಸ್ಕಿನಿಂದ ಹಾಕಿದ ವಿಂಡೋಸ್‌ಗೆ ಗೊತ್ತಿಲ್ಲ. ಸರ್ವಿಸ್ ಪ್ಯಾಕ್ 1 ಇರುವ ವಿಂಡೋಸ್‌ಗೆ ಮೊದಲು ಕೆಬಿ4490628, ಆಮೇಲೆ ಕೆಬಿ4474419 ಎಂಬ ಎರಡು ಅಪ್‌ಡೇಟ್‌ಗಳನ್ನು ಕೈಯಾರೆ ಹಾಕಿದ ಮೇಲೆ ಬಾಗಿಲು ತೆರೆಯಿತು. ಕಾರ್ಡ್ ರೀಡರ್‌ನಂಥ ಚಿಕ್ಕಪುಟ್ಟವು ತಾವಾಗಿ ಬಂದವು. ಆದರೆ ಇದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಲ್ಯಾನ್ ಡ್ರೈವರ್ ಬೇಕು.

ಆ ಗಂಟನ್ನು ಬಿಡಿಸಿದ್ದು ಮೊಬೈಲ್. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಹಾಕಿದೆ. ವಿಂಡೋಸ್ ಅದನ್ನು ತಾನಾಗಿ ಗುರುತಿಸಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಅಪ್‌ಡೇಟ್‌ಗೆ ಹೋಗಿ, ಪಟ್ಟಿಯಿಂದ ಆರಿಸುತ್ತೇನೆ ಎಂದು ಹೇಳಿ, ನೆಟ್‌ವರ್ಕ್ ಅಡಾಪ್ಟರ್ ವಿಭಾಗದಲ್ಲಿ ಮೈಕ್ರೋಸಾಫ್ಟ್ ಕಾರ್ಪೊರೇಶನ್ ಅಡಿಯಲ್ಲಿರುವ 'ರಿಮೋಟ್ ಎನ್‌ಡಿಐಎಸ್ ಕಂಪ್ಯಾಟಿಬಲ್ ಡಿವೈಸ್' ಆರಿಸಿದ ಕೂಡಲೇ ಸಂಪರ್ಕ ಸಿಕ್ಕಿತು. ಈ ಡ್ರೈವರ್ ವಿಂಡೋಸ್ 7ರೊಳಗೇ ಇದೆ. ಯಾವ ದಾರಿ ಹಿಡಿದರೂ ಈ ವಿಷಯ ತಿಳಿದಿರಬೇಕು.

ಹಾರ್ಡ್‌ವೇರ್ ಐಡಿ ಮತ್ತು ಅಪ್‌ಡೇಟ್ ಕೆಟಲಾಗ್

ನನ್ನ ಮಟ್ಟಿಗೆ ಗೆದ್ದದ್ದು ಈ ದಾರಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳದಿ ಚಿಹ್ನೆಯ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಹಾಳೆಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿದರೆ ಒಂದು ಉದ್ದ ಸಾಲು ಬರುತ್ತದೆ. ಅದರಲ್ಲಿ ಮೊದಲು ಚಿಪ್ ತಯಾರಕರ ಸಂಖ್ಯೆ, ನಂತರ ಚಿಪ್‌ನ ಸಂಖ್ಯೆ, ಅದರ ಮುಂದೆ ಲ್ಯಾಪ್‌ಟಾಪ್ ಕಂಪನಿಯ ಗುರುತು ಇರುತ್ತದೆ. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 168ಸಿ ಎಂದರೆ ಎಥೆರಾಸ್. ನನ್ನ ಯಂತ್ರದಲ್ಲಿ 8086ರ ಮುಂದೆ 1ಇ31 ಎಂದಿದ್ದದ್ದು ಯುಎಸ್‌ಬಿ 3.0, 1ಇ3ಎ ಎಂದಿದ್ದದ್ದು ಮ್ಯಾನೇಜ್‌ಮೆಂಟ್ ಎಂಜಿನ್. ಲ್ಯಾನ್ ರಿಯಲ್‌ಟೆಕ್‌ನ 8168, ವೈಫೈ ಬ್ರಾಡ್‌ಕಾಮ್‌ನ 4365. ಹೊರಗೆ ಯಾವ ಬ್ರ್ಯಾಂಡಿನ ಹೆಸರಿದ್ದರೂ ಒಳಗಿನ ಚಿಪ್‌ನ ಸಂಖ್ಯೆ ಬದಲಾಗುವುದಿಲ್ಲ. ಡ್ರೈವರ್ ನೋಡುವುದೂ ಆ ಸಂಖ್ಯೆಯನ್ನೇ.

ಈ ಸಾಲನ್ನು ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕೆಟಲಾಗ್ ತಾಣದಲ್ಲಿ ಹಾಕಿ ಹುಡುಕಬೇಕು. ವಿಂಡೋಸ್ 7ರ ಜೊತೆಗೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಈ ಕೆಲಸ ಆಗದು. ಬೇರೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರುವುದೇ ಸುಲಭ. ಪೂರ್ತಿ ಸಾಲು ಹಾಕಿ ಏನೂ ಸಿಗದಿದ್ದರೆ, ಲ್ಯಾಪ್‌ಟಾಪ್ ಕಂಪನಿಯ ಗುರುತಿನಿಂದ ಮುಂದಿನ ಭಾಗವನ್ನು ಅಳಿಸಿ ಚಿಪ್‌ನ ಸಂಖ್ಯೆಯವರೆಗೆ ಮಾತ್ರ ಹಾಕಿ ನೋಡಿ. ಪೂರ್ತಿ ಸಾಲಿಗೆ ಖಾಲಿ ಪುಟ ತೋರಿಸಿದ ವೈಫೈ ಚಿಪ್‌ಗೆ, ಹೀಗೆ ಕತ್ತರಿಸಿದಾಗ ಉದ್ದನೆಯ ಪಟ್ಟಿಯೇ ಬಂತು.

ಸಿಗುವುದು ಕ್ಯಾಬ್ ಫೈಲ್. ಇದಕ್ಕೆ ಇನ್‌ಸ್ಟಾಲರ್ ಇರುವುದಿಲ್ಲ. ಅದನ್ನು 7-ಜಿಪ್‌ನಂಥ ತಂತ್ರಾಂಶದಲ್ಲಿ ಬಿಚ್ಚಿ ಒಂದು ಫೋಲ್ಡರ್‌ಗೆ ಹಾಕಿ, ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಬೇಕು. ಹಾಕುವ ಮೊದಲು ಒಳಗಿರುವ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡುವುದು ನನ್ನ ಅಭ್ಯಾಸ. ಅದು ಓದಬಲ್ಲ ಸಾದಾ ಪಠ್ಯ. 'ಮ್ಯಾನುಫ್ಯಾಕ್ಚರರ್' ಎಂಬ ವಿಭಾಗದ ಕೆಳಗಿನ ಸಾಲಿನಲ್ಲಿ, ಆ ಡ್ರೈವರ್ ಯಾವ ವಿಂಡೋಸ್‌ಗೆ ಎಂಬುದು ಅಂಕಿಯಲ್ಲಿ ಬರೆದಿರುತ್ತದೆ. 6.1 ಎಂದರೆ ವಿಂಡೋಸ್ 7, 6.2 ಎಂದರೆ 8, 6.3 ಎಂದರೆ 8.1, 10.0 ಎಂದರೆ 10. ಅಂಕಿಯ ಹಿಂದೆ ಎಕ್ಸ್86 ಎಂದಿದ್ದರೆ 32 ಬಿಟ್, ಎಎಂಡಿ64 ಎಂದಿದ್ದರೆ 64 ಬಿಟ್. ಪ್ರೊಸೆಸರ್ ಇಂಟೆಲ್‌ನದಾದರೂ ಬರೆಯುವುದು ಎಎಂಡಿ64 ಎಂದೇ. ಅಲ್ಲಿ 10.0 ಮಾತ್ರ ಇದ್ದರೆ ಆ ಫೈಲ್‌ನೊಂದಿಗೆ ಗುದ್ದಾಡುವುದು ವ್ಯರ್ಥ. ಅದೇ ಫೈಲ್‌ನಲ್ಲಿ ನಿಮ್ಮ ಚಿಪ್‌ನ ಸಂಖ್ಯೆ ಹುಡುಕಿ ನೋಡಿ. ಎರಡೂ ಸಿಕ್ಕರೆ ಡ್ರೈವರ್ ಕೂರುವ ಸಂಭವ ಬಹಳ ಹೆಚ್ಚು.

ಕೂತ ಮೇಲೂ ಕೋಡ್ 52 ಬಂದರೆ ಅದು ಸಹಿಯ ಸಮಸ್ಯೆ. 64 ಬಿಟ್ ವಿಂಡೋಸ್ 7 ಸಹಿ ಗುರುತಿಸಲಾಗದ ಡ್ರೈವರನ್ನು ಓಡಿಸುವುದಿಲ್ಲ. ಎಸ್‌ಎಚ್‌ಎ-2 ಸಹಿಯ ಡ್ರೈವರ್‌ಗಳಿಗೆ ಮೇಲೆ ಹೇಳಿದ ಕೆಬಿ4474419 ಹಾಕಿದರೆ ಇದು ಪರಿಹಾರವಾಗುತ್ತದೆ. 32 ಬಿಟ್‌ನಲ್ಲಿ ಈ ಬಿಗಿ ಇಲ್ಲ. ಎಚ್ಚರಿಸುತ್ತದೆ, ತಡೆಯುವುದಿಲ್ಲ.

ಈ ದಾರಿ ನಿಧಾನದ್ದು. ಒಂದೊಂದು ಸಾಧನಕ್ಕೂ ಕೂತು ಹುಡುಕಬೇಕು. ಆದರೆ ಯಾವುದಕ್ಕೆ ಏನು ಹಾಕಿದೆ ಎಂಬುದು ನಿಮಗೆ ಗೊತ್ತಿರುತ್ತದೆ, ಮೂಲ ಮೈಕ್ರೋಸಾಫ್ಟ್‌ನದೇ ಆಗಿರುತ್ತದೆ, ಜೊತೆಗೆ ಬೇಡದ ತಂತ್ರಾಂಶ ಒಂದೂ ನುಸುಳುವುದಿಲ್ಲ.

ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್

ವೇಗಕ್ಕೆ ಇದರ ಸರಿಸಾಟಿ ಇನ್ನೊಂದಿಲ್ಲ. ಉಚಿತ, ಮೂಲ ಸಂಕೇತ ತೆರೆದಿರುವ ತಂತ್ರಾಂಶ, ಜಾಹೀರಾತಿಲ್ಲ. ಡ್ರೈವರ್‌ಗಳ ದೊಡ್ಡ ಕಟ್ಟುಗಳನ್ನು ಮೊದಲೇ ಇಳಿಸಿಕೊಂಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಇಂಟರ್ನೆಟ್ ಇಲ್ಲದ ಯಂತ್ರದಲ್ಲೂ ಕೆಲಸ ಮಾಡುತ್ತದೆ. ಎಲ್ಲ ಕಟ್ಟುಗಳೂ ಸೇರಿದರೆ ಹತ್ತಾರು ಗಿಗಾಬೈಟ್ ಆಗುತ್ತವೆ. ಒಂದೇ ಯಂತ್ರಕ್ಕಾದರೆ ನೆಟ್‌ವರ್ಕ್ ಡ್ರೈವರ್‌ಗಳ ಕಟ್ಟು ಸಾಕು. ಲ್ಯಾನ್, ವೈಫೈ ಎರಡನ್ನೂ ಅದು ಕ್ಷಣದಲ್ಲಿ ಗುರುತಿಸಿ ಹಾಕಿತು.

ನನಗೆ ತೃಪ್ತಿಯಾಗದ್ದು ಗ್ರಾಫಿಕ್ಸ್ ಮತ್ತು ಟಚ್‌ಪ್ಯಾಡ್ ವಿಷಯದಲ್ಲಿ. ಇದು ಹಾಕುವುದು ಡ್ರೈವರನ್ನು ಮಾತ್ರ, ಅದರ ಜೊತೆಗಿನ ನಿಯಂತ್ರಣ ಫಲಕವನ್ನಲ್ಲ. ಎರಡು ಬೆರಳಿನಲ್ಲಿ ಪುಟ ಸರಿಸುವ ಸೌಲಭ್ಯ ತಯಾರಕರ ಪೂರ್ಣ ಇನ್‌ಸ್ಟಾಲರ್ ಹಾಕಿದ ಮೇಲಷ್ಟೇ ಬಂತು. ಅಲ್ಲದೆ, ಆಗಲೇ ಸರಿಯಾಗಿ ಕೆಲಸ ಮಾಡುತ್ತಿರುವ ಸಾಧನಕ್ಕೂ ಇನ್ನೊಂದು ಆವೃತ್ತಿ ಇದೆ ಎಂದು ತೋರಿಸುತ್ತದೆ. ಅದನ್ನು ಮುಟ್ಟಬೇಡಿ. ಕೋಡ್ 28 ಇರುವವನ್ನು ಮಾತ್ರ ಆರಿಸಿ, ಮೊದಲು, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು, ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಹಲವು ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ ಸಿದ್ಧಪಡಿಸುವ ರಿಪೇರಿ ಅಂಗಡಿಯವರಿಗೆ, ಶಾಲೆಯ ಕಂಪ್ಯೂಟರ್ ಕೋಣೆಗೆ ನಾನು ಮೊದಲು ಹೇಳುವುದು ಇದನ್ನೇ.

ಹಣ ಕೇಳುವ 'ಡ್ರೈವರ್ ಅಪ್‌ಡೇಟರ್'ಗಳು

ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಇವು. ನಾನು ನೋಡಿದ್ದು ಸ್ಕ್ಯಾನ್ ಮಾಡಿ ದೊಡ್ಡದೊಂದು ಕೆಂಪು ಪಟ್ಟಿ ತೋರಿಸಿತು, ಡೌನ್‌ಲೋಡ್ ಒತ್ತಿದಾಗ ವರ್ಷದ ಶುಲ್ಕ ಕೇಳಿತು. ಇನ್ನು ಕೆಲವು ಉಚಿತ ಎಂದು ಹೇಳಿ ಬ್ರೌಸರ್, ಆ್ಯಂಟಿವೈರಸ್‌ಗಳನ್ನು ಜೊತೆಗೆ ಸೇರಿಸುತ್ತವೆ. ಮೇಲಿನ ಯಾವ ದಾರಿಯಲ್ಲೂ ಕಾಸು ಖರ್ಚಿಲ್ಲದಿರುವಾಗ ಇವುಗಳ ಅಗತ್ಯ ನನಗೆ ಕಾಣಲಿಲ್ಲ.

ನನ್ನ ಯಂತ್ರದಲ್ಲಿ ಕೊನೆಗೆ ನಿಂತ ಕ್ರಮ ಇದು: ಸ್ನ್ಯಾಪಿಯಿಂದ ಲ್ಯಾನ್ ಮತ್ತು ವೈಫೈ; ಚಿಪ್‌ಸೆಟ್, ಮ್ಯಾನೇಜ್‌ಮೆಂಟ್ ಎಂಜಿನ್, ಗ್ರಾಫಿಕ್ಸ್, ಯುಎಸ್‌ಬಿ 3.0 ಎಲ್ಲ ಐಡಿ ಹಿಡಿದು ಕೆಟಲಾಗ್‌ನಿಂದ. ಟಚ್‌ಪ್ಯಾಡ್ ಮತ್ತು ವಿಶೇಷ ಕೀಲಿಗಳು ತಯಾರಕರ ಕಚೇರಿ ಮಾದರಿಯ ಪುಟದಿಂದ. ಒಂದೇ ದಾರಿಯನ್ನು ಆರಿಸಿ ಎಂದರೆ ಕೆಟಲಾಗನ್ನೇ ಆರಿಸುತ್ತೇನೆ. ಇಳಿಸಿಕೊಂಡ ಎಲ್ಲವನ್ನೂ ಸಾಧನದ ಹೆಸರಿನ ಫೋಲ್ಡರ್‌ಗಳಲ್ಲಿ ಹಾಕಿ ವಿಂಡೋಸ್ ಡಿಸ್ಕಿನ ಪ್ರತಿಯ ಪಕ್ಕದಲ್ಲೇ ಇಟ್ಟಿದ್ದೇನೆ.

ಈ ಲೆಕ್ಕ ನಡೆಯುವುದು ಆರನೇ ತಲೆಮಾರಿನವರೆಗಿನ ಇಂಟೆಲ್ ಯಂತ್ರಗಳಲ್ಲಿ. ಆರನೆಯದರಲ್ಲೇ ತೊಡಕು ಶುರು. ಅದರ ಚಿಪ್‌ಸೆಟ್‌ನಲ್ಲಿ ಹಳೆಯ ಯುಎಸ್‌ಬಿ 2.0 ಕಂಟ್ರೋಲರ್ ಇಲ್ಲದ್ದರಿಂದ ವಿಂಡೋಸ್ ಹಾಕುವಾಗಲೇ ಯುಎಸ್‌ಬಿ ಮೌಸ್, ಪೆನ್‌ಡ್ರೈವ್ ನಿಂತುಹೋಗುತ್ತವೆ. ಇನ್‌ಸ್ಟಾಲ್ ಫೈಲ್‌ಗಳ ಒಳಗೇ ಯುಎಸ್‌ಬಿ 3.0 ಡ್ರೈವರ್ ಸೇರಿಸಬೇಕು. ಎನ್‌ವಿಎಂಇ ಎಂಬ ವೇಗದ ಹೊಸ ಬಗೆಯ ಡಿಸ್ಕ್ ಇದ್ದರೆ ಕೆಬಿ2990941 ಅಪ್‌ಡೇಟ್ ಕೂಡ ಬೇಕು. ಏಳನೇ ತಲೆಮಾರಿನಿಂದ ಮುಂದಕ್ಕೆ ಇಂಟೆಲ್ ತನ್ನ ಗ್ರಾಫಿಕ್ಸ್‌ಗೆ ವಿಂಡೋಸ್ 7ರ ಅಧಿಕೃತ ಡ್ರೈವರನ್ನೇ ಕೊಟ್ಟಿಲ್ಲ. ಇಲ್ಲಿ ಹೇಳಿದ ಯಾವ ದಾರಿಯೂ ಅಲ್ಲಿ ಪೂರ್ತಿ ಫಲ ಕೊಡುವುದಿಲ್ಲ. ಅಂಥ ಲ್ಯಾಪ್‌ಟಾಪ್ ಇರುವವರು ಹೊಸ ವಿಂಡೋಸ್ ಅಥವಾ ಲಿನಕ್ಸ್ ಇಟ್ಟುಕೊಂಡು, ಅದರೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್‌ನಂತೆ ನಡೆಯುವ ತಂತ್ರಾಂಶ) ವಿಂಡೋಸ್ 7 ನಡೆಸಿ, ಸ್ಕ್ಯಾನರ್‌ನ ಯುಎಸ್‌ಬಿ ಸಂಪರ್ಕವನ್ನು ಅದಕ್ಕೆ ಒಪ್ಪಿಸಿ ಪ್ರಯತ್ನಿಸುವುದು ಒಳ್ಳೆಯದು. ಆಗ ಹುಡುಕಬೇಕಾದದ್ದು ಸ್ಕ್ಯಾನರ್‌ನ ಡ್ರೈವರ್ ಒಂದನ್ನೇ.