ಮಳೆಗಾಲಕ್ಕೆ ತಡೆಯುವ ಮೈಕ್ರೋಸ್ಕೋಪ್ ಯಾವುದು? ನಾಲ್ಕನ್ನು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಒಂದೇ ಒಂದು ಮೈಕ್ರೋಸ್ಕೋಪ್ ಕೊಡಿಸುವುದಾದರೆ, ಹೈಸ್ಕೂಲು ಲ್ಯಾಬಿನಲ್ಲಿ ಇರುತ್ತದಲ್ಲ, ಆ ಲೋಹದ ಮೈಯ ಸ್ಟೂಡೆಂಟ್ ಮೈಕ್ರೋಸ್ಕೋಪನ್ನೇ ಕೊಡಿಸಿ. ಉಡುಪಿ, ಮಂಗಳೂರಿನ ಕಡೆಯವರಿಗಾದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಲೆನ್ಸು ಇರುವ ಯಾವ ವಸ್ತುವಿಗೂ ಮಳೆಗಾಲವೇ ಪರೀಕ್ಷೆ.

ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಮಗಳಿಗೆ ಈ ಹುಚ್ಚು ಹತ್ತಿದ ಮೇಲೆ ನಾಲ್ಕು ಬಗೆಯವು ಮನೆಗೆ ಬಂದವು. ಅವಳ ಮಾವ ಹುಟ್ಟುಹಬ್ಬಕ್ಕೆ ತಂದುಕೊಟ್ಟ ಪ್ಲಾಸ್ಟಿಕ್ ಕಿಟ್, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘1200 ಪಟ್ಟು’ ಎಂದು ಬರೆದದ್ದು. ಆಮೇಲೆ ಕಾಗದ ಮಡಚಿ ಜೋಡಿಸುವ ಫೋಲ್ಡ್‌ಸ್ಕೋಪ್. ಫೋನಿಗೂ ಲ್ಯಾಪ್‌ಟಾಪಿಗೂ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪ್. ಕೊನೆಗೆ ಮಂಗಳೂರಿನ ಒಂದು ಲ್ಯಾಬ್ ಸಾಮಾನಿನ ಅಂಗಡಿಯಿಂದ ತಂದ ಸ್ಟೂಡೆಂಟ್ ಮೈಕ್ರೋಸ್ಕೋಪ್. ಅದು ಹರಿಯಾಣದ ಅಂಬಾಲಾದಲ್ಲಿ ಮಾಡಿದ್ದು. ನಮ್ಮ ದೇಶದ ಶಾಲಾ ಲ್ಯಾಬುಗಳ ಸಾಮಾನು ಬಹಳಷ್ಟು ಆ ಊರಿನಿಂದಲೇ ಬರುತ್ತದೆ. ನಾನು ಕೊಟ್ಟದ್ದು ಆರು ಸಾವಿರದ ಆಸುಪಾಸು.

1200ರ ಲೆಕ್ಕವನ್ನು ಮೊದಲು ಮುಗಿಸೋಣ. ಕಣ್ಣಿಡುವ ಐಪೀಸು 10, ಕೆಳಗಿನ ಆಬ್ಜೆಕ್ಟಿವ್ 40 ಆದರೆ ಒಟ್ಟು 400 ಪಟ್ಟು. ಒಳ್ಳೆಯ ಆಬ್ಜೆಕ್ಟಿವ್ ಮೇಲೆ ಆ 40ರ ಪಕ್ಕದಲ್ಲಿ 0.65 ಅಂತ ಇನ್ನೊಂದು ಅಂಕೆ ಕೆತ್ತಿರುತ್ತಾರೆ. ಅದು ನ್ಯೂಮರಿಕಲ್ ಅಪರ್ಚರ್, ಅಂದರೆ ಲೆನ್ಸು ಎಷ್ಟು ಅಗಲಕ್ಕೆ ಹರಡಿದ ಬೆಳಕನ್ನು ಹಿಡಿಯಬಲ್ಲದು ಎನ್ನುವ ಅಳತೆ. ಅದನ್ನು ಸಾವಿರದಿಂದ ಗುಣಿಸಿ ನೋಡಿ. 650 ಬರುತ್ತದೆ. ಆ ಲೆನ್ಸಿನಿಂದ ಹೆಚ್ಚುಕಮ್ಮಿ ಅಷ್ಟರವರೆಗೆ ಮಾತ್ರ ಉಪಯೋಗ. ಮೇಲಕ್ಕೆ ಹೋದರೆ ಚಿತ್ರ ಹಿಗ್ಗುತ್ತದೆ, ಹೊಸ ವಿವರ ಒಂದೂ ಸಿಗುವುದಿಲ್ಲ. 1000 ಪಟ್ಟು ಬೇಕಾದರೆ 100ರ ಆಬ್ಜೆಕ್ಟಿವ್, ಅದರ ತುದಿಗೂ ಗಾಜಿಗೂ ನಡುವೆ ಒಂದು ಹನಿ ಇಮ್ಮರ್ಶನ್ ಆಯಿಲ್ ಎಲ್ಲ ಬೇಕು. ಕಿಟ್‌ನಲ್ಲಿ ಎಣ್ಣೆಯೂ ಇಲ್ಲ, ಆಬ್ಜೆಕ್ಟಿವ್ ಮೇಲೆ ಆ ಎರಡನೇ ಅಂಕೆಯೂ ಇಲ್ಲ. 1200ಕ್ಕೆ ತಿರುಗಿಸಿದರೆ ಕಾಣುವುದು ಕಂದು ಮಬ್ಬು.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಲು ನಾನು ಆರಿಸಿದ್ದು ಕೆಸುವಿನ ದಂಟು. ಆಟಿ ತಿಂಗಳು, ಪತ್ರೊಡೆಗೆ ಅಂತ ತಂದದ್ದು ಮನೆಯಲ್ಲಿ ಇದ್ದೇ ಇತ್ತು. ಸರಿಯಾಗಿ ಬೇಯದ ಪತ್ರೊಡೆ ತಿಂದರೆ ಗಂಟಲು ತುರಿಸುತ್ತದಲ್ವಾ? ಎಲೆ, ದಂಟಿನ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವೆ, ಅವು ಚುಚ್ಚುವುದು. ದಂಟನ್ನು ಬ್ಲೇಡಿನಿಂದ ಕತ್ತರಿಸಿ, ಸೋರಿದ ರಸವನ್ನು ಸ್ಲೈಡಿನ ಮೇಲಿನ ನೀರಿನ ಹನಿಗೆ ಮುಟ್ಟಿಸಿ, ಮೇಲೆ ತೆಳು ಗಾಜಿನ ಕವರ್ ಸ್ಲಿಪ್ ಹಾಕಿದರೆ ಸಾಕು. ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಆದರೆ ಆ ಕೈಯಲ್ಲಿ ಲೆನ್ಸು ಮುಟ್ಟಬೇಡಿ.

ಸ್ಟೂಡೆಂಟ್ ಮೈಕ್ರೋಸ್ಕೋಪಿನಲ್ಲಿ 100 ಪಟ್ಟಿನಲ್ಲೇ ಕಂಡಿತು. ಹಿಡಿಸೂಡಿ ಕಟ್ಟಿಟ್ಟ ಹಾಗೆ ಸೂಜಿಗಳ ಕಟ್ಟು. 400ಕ್ಕೆ ತಿರುಗಿಸಿದಾಗ ಒಂದು ಕಟ್ಟು ಬಿಚ್ಚಿಕೊಂಡು, ಸೂಜಿಗಳು ಒಂದೊಂದಾಗಿ ನೀರಿನಲ್ಲಿ ತೇಲುತ್ತಿದ್ದವು. ಎರಡೂ ತುದಿ ಚೂಪು. ಸ್ಲೈಡು ಇಡುವ ಸ್ಟೇಜಿನ ಕೆಳಗೆ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಡಯಾಫ್ರಮ್ ಅನ್ನು ಅರ್ಧ ಮುಚ್ಚಿದ ಮೇಲೆ ಅಂಚುಗಳು ಇನ್ನೂ ಸ್ಪಷ್ಟವಾದವು. ಬಣ್ಣವಿಲ್ಲದ, ಪಾರದರ್ಶಕ ವಸ್ತುವಿಗೆ ಬೆಳಕು ಜಾಸ್ತಿಯಾದರೆ ಅದು ಕಾಣುವುದೇ ಇಲ್ಲ. ಮಗಳು ಅಡುಗೆಮನೆಗೆ ಓಡಿಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದಳು. ಅಮ್ಮ ಕನ್ನಡಕ ತೆಗೆದು, ಫೋಕಸ್ ತಾವೇ ತಿರುಗಿಸಿ ನೋಡಿದರು. ‘ಇಷ್ಟಿದ್ದ ಮೇಲೆ ತುರಿಸದೆ ಇರ್ತದಾ? ಹುಳಿ ಸ್ವಲ್ಪ ಜಾಸ್ತಿಯೇ ಹಾಕ್ತೇನೆ’ ಎಂದರು.

ಫೋಲ್ಡ್‌ಸ್ಕೋಪಿನಲ್ಲೂ ಕಟ್ಟು ಕಂಡಿತು, ಸೂಜಿಗಳು ತೆಳು ಗೆರೆಗಳಾಗಿ. ಕಿಟ್‌ನಲ್ಲಿ ಕಡಿಮೆ ಪಟ್ಟಿನಲ್ಲಿ ಏನೋ ಇದೆ ಎನ್ನುವಷ್ಟು ಗೊತ್ತಾಯಿತು. ಯುಎಸ್‌ಬಿಯಲ್ಲಿ ದಂಟಿನ ಮೇಲ್ಮೈ ಮಾತ್ರ.

ಈಗ ಬೂಷ್ಟಿನ ವಿಷಯ. ಸಾಮಾನ್ಯವಾಗಿ ಯಾರೂ ಹೇಳದ, ನಮ್ಮೂರಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೇ.

ಕಿಟ್ ಒಂದು ಮಳೆಗಾಲ ದಾಟಲಿಲ್ಲ. ಜುಲೈಯಲ್ಲಿ ಚಿತ್ರ ಮಂಜಾಯಿತು. ಐಪೀಸನ್ನು ಹೊರಗಿನಿಂದ ಒರೆಸಿದರೂ ಹೋಗಲಿಲ್ಲ. ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದಾಗ ಲೆನ್ಸಿನ ಒಳಮೈಯಲ್ಲಿ ಬಿಳಿ ಎಳೆಗಳು ಕವಲೊಡೆದು ಹರಡಿದ್ದು ಕಂಡಿತು. ಅದು ಫಂಗಸ್. ಬಿಚ್ಚಿ ಒರೆಸೋಣ ಎಂದರೆ ಬಿಚ್ಚುವ ಹಾಗೇ ಇಲ್ಲ. ಲೆನ್ಸನ್ನು ಕೊಳವೆಗೆ ಅಂಟು ಹಾಕಿ ಕೂರಿಸಿದ್ದಾರೆ. ಸ್ಕ್ರೂ ಇಲ್ಲ, ಬಳೆ ಇಲ್ಲ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಹೊಸದರಂತೆಯೇ ಇದ್ದ ಸಾಮಾನು ಮೂಲೆಗೆ ಹೋಯಿತು. ಮಗಳಿಗೆ ಆದ ಬೇಸರ ಹೇಳಲಾಗದು. ಪ್ರೀತಿಯಿಂದ ಕೊಟ್ಟ ಉಡುಗೊರೆ ಹೀಗಾದರೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ?

ಮರುವರ್ಷ ಸ್ಟೂಡೆಂಟ್ ಮೈಕ್ರೋಸ್ಕೋಪಿಗೂ ಬಂತು. ಲೋಹದ್ದಾದರೂ ಗಾಜು ಗಾಜೇ. ಗಾಳಿಯ ತೇವಾಂಶ 70 ಶೇಕಡಾ ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ. ನಮ್ಮ ಮನೆಯ ಮೀಟರ್ ಆ ದಿನಗಳಲ್ಲಿ 85ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಬೆರಳಿನ ಜಿಡ್ಡು, ರೆಪ್ಪೆಯ ಎಣ್ಣೆ, ಧೂಳು ಇಷ್ಟಿದ್ದರೆ ಅದಕ್ಕೆ ಊಟವೂ ಆಯಿತು. ಆದರೆ ಇಲ್ಲಿ ಮುಂದಿನ ಕಥೆ ಬೇರೆ.

ಕಲೆ ಎಲ್ಲಿದೆ ಎಂದು ಹುಡುಕುವುದು ಸುಲಭ. ನೋಡುತ್ತಾ ಐಪೀಸನ್ನು ಬೆರಳಿನಿಂದ ತಿರುಗಿಸಿ. ಕಲೆಯೂ ಜೊತೆಗೆ ತಿರುಗಿದರೆ ಅದು ಐಪೀಸಿನಲ್ಲಿದೆ. ಸ್ಲೈಡು ಸರಿಸಿದಾಗ ಸರಿದರೆ ಸ್ಲೈಡಿನಲ್ಲಿ. ಎರಡೂ ಅಲ್ಲ, ಆಬ್ಜೆಕ್ಟಿವ್ ಬದಲಿಸಿದಾಗ ಮಾಯವಾಯಿತು ಎಂದಾದರೆ ಆ ಆಬ್ಜೆಕ್ಟಿವ್‌ನಲ್ಲಿ. ನಮ್ಮದು ತಿರುಗಿತು. ಐಪೀಸು ಎಳೆದರೆ ಕೈಗೇ ಬರುತ್ತದೆ, ಅದರ ಲೆನ್ಸು ತಿರುಪಿನ ಬಳೆಯಲ್ಲಿ ಕೂತಿದೆ. ಬಿಚ್ಚಿ, ಮೊದಲು ರಬ್ಬರ್ ಬ್ಲೋಅರಿನಿಂದ ಧೂಳು ಊದಿ, ಲೆನ್ಸ್ ಪೇಪರಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿದೆ. ಹೋಯಿತು. ಬೇಗ ಕಣ್ಣಿಗೆ ಬಿದ್ದದ್ದರಿಂದ ಹೋಯಿತು ಅನ್ನಬೇಕು. ತುಂಬ ದಿನ ಬಿಟ್ಟರೆ ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪವನ್ನೂ ಗಾಜನ್ನೂ ತಿನ್ನುತ್ತದೆ, ಆಮೇಲೆ ಎಷ್ಟು ಒರೆಸಿದರೂ ಗುರುತು ಉಳಿಯುತ್ತದೆ. ಧೂಳು ಊದದೆ ಸೆರಗಿನಲ್ಲೋ ಅಂಗಿಯಲ್ಲೋ ಉಜ್ಜಿದರೆ ಗೀರು ಖಂಡಿತ. ಆಬ್ಜೆಕ್ಟಿವ್‌ನ ಒಳಭಾಗವನ್ನು ಮಾತ್ರ ಬಿಚ್ಚಲು ಹೋಗಬೇಡಿ, ಒಳಗೆ ಹಲವು ಲೆನ್ಸುಗಳನ್ನು ಅಳತೆ ಹಿಡಿದು ಜೋಡಿಸಿರುತ್ತಾರೆ. ಅದರ ಮುಂದಿನ ಗಾಜು ಶುಚಿಯಾಗಿದೆಯೇ ಎಂದು ನೋಡಲು ಐಪೀಸನ್ನೇ ತಲೆಕೆಳಗಾಗಿ ಹಿಡಿಯಿರಿ, ಒಳ್ಳೆಯ ಭೂತಗನ್ನಡಿ ಆಗುತ್ತದೆ.

ಒಂದು ಆಬ್ಜೆಕ್ಟಿವ್ ಪೂರ್ತಿ ಹಾಳಾದರೂ ಚಿಂತೆಯಿಲ್ಲ. ಅದರ ಮೇಲೆ 160 ಎಂದೂ 0.17 ಎಂದೂ ಬರೆದಿದೆ. 160 ಮಿಲಿಮೀಟರ್ ಟ್ಯೂಬಿನ ಉದ್ದ, 0.17 ಮಿಲಿಮೀಟರ್ ಕವರ್ ಸ್ಲಿಪ್ಪಿನ ದಪ್ಪ. ಆ ಅಳತೆಯ ಡಿನ್ (ಜರ್ಮನಿಯ ಮಾನದಂಡ) ಮಾದರಿಯ ಬೇರೆ ಆಬ್ಜೆಕ್ಟಿವ್ ತಂದು ತಿರುಪಿದರೆ ಕೂರುತ್ತದೆ, ಯಾರು ಮಾಡಿದ್ದಾದರೂ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಜೊತೆಗೆ ಕೊಟ್ಟ ಮರದ ಪೆಟ್ಟಿಗೆ ನೋಡಲು ಚಂದ. ಮಳೆಗಾಲದಲ್ಲಿ ಅದರಲ್ಲಿ ಇಡಬೇಡಿ, ಮರವೇ ತೇವ ಹೀರಿ ಕೂತಿರುತ್ತದೆ. ನಾನು ಅಕ್ಕಿ ತುಂಬುವ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ತಂದೆ. ಮೈಕ್ರೋಸ್ಕೋಪ್ ನಿಂತ ಹಾಗೇ ಒಳಗೆ ಹಿಡಿಯುತ್ತದೆ. ತಳಕ್ಕೆ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್, ಪಕ್ಕದಲ್ಲಿ ಸಣ್ಣ ತೇವಾಂಶದ ಮೀಟರ್. 40ರಿಂದ 50ರ ಒಳಗೆ ಇದ್ದರೆ ಆಯಿತು. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ಕೇಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಪೂರ್ತಿ ತಣಿದ ಮೇಲೆ ಒಳಗಿಡಿ. ಆಮೇಲಿನ ಮಳೆಗಾಲದಲ್ಲಿ ಒಂದು ಎಳೆಯೂ ಕಾಣಲಿಲ್ಲ.

ಬೆಳಕಿನ ಬಗ್ಗೆ ಎರಡು ಮಾತು. ಕನ್ನಡಿಯದ್ದು ಸ್ವಲ್ಪ ಅಗ್ಗ. ಆದರೆ ಆಷಾಢದ ಮೋಡದಲ್ಲಿ ಮಧ್ಯಾಹ್ನವೂ ಕನ್ನಡಿಗೆ ಬೆಳಕು ಸಾಲದು. ಬಿಸಿಲಿದ್ದಾಗ ಮಕ್ಕಳು ಸೂರ್ಯನ ಕಡೆಗೇ ಕನ್ನಡಿ ತಿರುಗಿಸುವ ಭಯ ಬೇರೆ, ಅದು ಕಣ್ಣಿಗೆ ಅಪಾಯ. ನಾನು ಚಾರ್ಜ್ ಆಗುವ ಎಲ್‌ಇಡಿ ಇರುವುದನ್ನೇ ತೆಗೆದುಕೊಂಡೆ. ಗುಡುಗು ಬಂದರೆ ನಮ್ಮಲ್ಲಿ ಕರೆಂಟು ಇರುವುದಿಲ್ಲ, ಆಗಲೂ ನಡೆಯುತ್ತದೆ.

ಮಗು ಒಬ್ಬಳೇ ಬಳಸುವಾಗ ಇನ್ನೊಂದು ವ್ಯತ್ಯಾಸ ಗೊತ್ತಾಗುತ್ತದೆ. 40ರ ಆಬ್ಜೆಕ್ಟಿವ್ ಫೋಕಸ್ ಆಗುವಾಗ ಅದಕ್ಕೂ ಕವರ್ ಸ್ಲಿಪ್ಪಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟೇ ಜಾಗ. ಲೋಹದ್ದರಲ್ಲಿ ಆ ಆಬ್ಜೆಕ್ಟಿವ್‌ನ ಮೂತಿ ಸ್ಪ್ರಿಂಗಿನ ಮೇಲೆ ಕೂತಿದೆ, ತಾಗಿದರೆ ಒಳಗೆ ಸರಿಯುತ್ತದೆ. ಕಿಟ್‌ನಲ್ಲಿ ಕಟಕ್ ಎಂದು ಗಾಜು ಒಡೆಯುತ್ತದೆ. ಅದಕ್ಕೇ ಯಾವಾಗಲೂ 4ರ ಆಬ್ಜೆಕ್ಟಿವ್‌ನಿಂದ ಶುರು ಮಾಡಬೇಕು. ಪಕ್ಕದಿಂದ ನೋಡುತ್ತಾ ಸ್ಟೇಜನ್ನು ಹತ್ತಿರ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತಾ ಫೋಕಸ್ ಹುಡುಕಬೇಕು. 40ಕ್ಕೆ ಹೋದ ಮೇಲೆ ಫೋಕಸಿನ ದೊಡ್ಡ ತಿರುಗಣೆ ಮುಟ್ಟಲೇಬಾರದು.

ಫೋಲ್ಡ್‌ಸ್ಕೋಪನ್ನು ನಾನು ಎರಡನೇ ಸ್ಥಾನದಲ್ಲಿ ಇಡುತ್ತೇನೆ, ಗೌರವದಿಂದ. ಮೀರತ್‌ನಲ್ಲಿ ಹುಟ್ಟಿದ ಮನು ಪ್ರಕಾಶ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಿಮ್ ಸಿಬುಲ್‌ಸ್ಕಿ ಜೊತೆ ಸೇರಿ ಮಾಡಿದ್ದು ಇದು. 2014ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಒಂದು ಸಣ್ಣ ಗುಂಡು ಲೆನ್ಸು, 140 ಪಟ್ಟು, ಎರಡು ಮೈಕ್ರಾನಿನಷ್ಟು ಸಣ್ಣದರವರೆಗೆ ಬಿಡಿಸಿ ತೋರಿಸುತ್ತದೆ. ಅದರ ಕಾಗದ ನೀರಿಗೆ ಹೆದರುವಂಥದ್ದಲ್ಲ. ಮಲ್ಪೆಯ ಕಡಲತೀರಕ್ಕೆ, ಗದ್ದೆಯ ಬದುವಿಗೆ ನಾವು ಒಯ್ಯುವುದು ಅದನ್ನೇ. ಕೆಂಪುಕಲ್ಲಿನ ಪಾಗಾರದ ಪಾಚಿಯನ್ನು ನೆನೆಸಿ ಹಿಂಡಿದ ನೀರಿನಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿಯೊಂದು ಬಾಯಿಯ ಸುತ್ತಲಿನ ರೋಮಗಳನ್ನು ಗರಗರ ಆಡಿಸುತ್ತಿದ್ದುದನ್ನು ಮಗಳು ಮೊದಲು ಕಂಡದ್ದು ಅದರಲ್ಲೇ, ಅಂಗಳದಲ್ಲಿ ನಿಂತು. ಕೊರತೆ ಏನೆಂದರೆ ಹೆಬ್ಬೆರಳಿನಿಂದ ಫೋಕಸ್ ಹಿಡಿದು ಹಾಗೇ ಇಟ್ಟುಕೊಳ್ಳಬೇಕು. ‘ಅಮ್ಮ, ನೋಡು’ ಎಂದು ನನ್ನ ಕೈಗೆ ಕೊಡುವಷ್ಟರಲ್ಲಿ ಎಲ್ಲ ಜಾರಿಹೋಗಿರುತ್ತದೆ.

ಯುಎಸ್‌ಬಿಯದ್ದು ಬೇರೆಯೇ ಜಾತಿ. ಜೀವಕೋಶ ತೋರಿಸುವುದಿಲ್ಲ, ಅದರ ಮೇಲಿನ 1000ವನ್ನೂ ನಂಬಬೇಡಿ. ಆದರೆ ಅಕ್ಕಿ ಹುಳದ ಉದ್ದ ಮೂತಿ, ದಾಸವಾಳದ ಶಲಾಕೆಗೆ ಅಂಟಿದ ಪರಾಗ, ಸೀರೆಯ ನೇಯ್ಗೆ, ಇವನ್ನೆಲ್ಲ ಮನೆಮಂದಿ ಒಟ್ಟಿಗೆ ಕೂತು ಪರದೆಯಲ್ಲಿ ನೋಡಬಹುದು. ಚಿಕ್ಕ ಮಕ್ಕಳಿಗೆ ಖುಷಿ.

ನನ್ನ ತೀರ್ಮಾನ ನನ್ನ ಮನೆಯ ಲೆಕ್ಕದ್ದು. ಮಗಳು ವಾರದಲ್ಲಿ ಮೂರು ನಾಲ್ಕು ಸಂಜೆ ಕೂರುತ್ತಾಳೆ, ಮೇಜು ಒಂದು ಖಾಯಂ ಇದೆ, ಆರು ಸಾವಿರವನ್ನು ಕಾಲೇಜು ಮುಗಿಯುವವರೆಗಿನ ಸಾಮಾನು ಎಂದುಕೊಂಡು ಕೊಟ್ಟೆ. ಅಂಗಡಿಯವರು ‘ಮೇಡಂ, 100ರದ್ದೂ ಹಾಕಿ ಕೊಡ್ತೇನೆ’ ಎಂದರು. ಬೇಡ ಅಂದೆ. ಪ್ರತಿ ಸಲ ಎಣ್ಣೆ ಒರೆಸುವ ಶಿಸ್ತು ಇನ್ನೂ ಅವಳಿಗೆ ಬಂದಿಲ್ಲ, ಬಂದ ಮೇಲೆ ತಂದು ತಿರುಪಿದರಾಯಿತು. ಆ ದುಡ್ಡಿನಲ್ಲಿ ಸ್ಲೈಡು, ಕವರ್ ಸ್ಲಿಪ್, ನೀರುಳ್ಳಿ ಸಿಪ್ಪೆಗೆ ಹಾಕಲು ಒಂದು ಬಾಟಲಿ ಸಫ್ರಾನಿನ್ ಎಂಬ ಕೆಂಪು ಬಣ್ಣ ಬಂತು.

ಅಷ್ಟು ದುಡ್ಡು ಈಗ ಇಲ್ಲ ಅಂದರೆ ಫೋಲ್ಡ್‌ಸ್ಕೋಪ್ ತೆಗೆದುಕೊಂಡು ಉಳಿದದ್ದನ್ನು ಕೂಡಿಡಿ. 1200, 2000 ಎಂದು ಬರೆದ ಪ್ಲಾಸ್ಟಿಕ್ ಪೆಟ್ಟಿಗೆಗೆ ಮಾತ್ರ ದುಡ್ಡು ಹಾಕಬೇಡಿ. ಹಳೆಯದು ಯಾರಾದರೂ ಕೊಡುತ್ತೇನೆ ಎಂದರೆ ಅದೂ ಒಳ್ಳೆಯದೇ. ನೋಡಲು ಹೋಗುವಾಗ ಒಂದು ಟಾರ್ಚ್ ಒಯ್ಯಿರಿ. ಐಪೀಸು ಹೊರಗೆ ತೆಗೆದು, ಆಬ್ಜೆಕ್ಟಿವ್‌ಗಳನ್ನು ಒಂದೊಂದಾಗಿ ತಿರುಪಿ ಬಿಚ್ಚಿ, ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ಆಬ್ಜೆಕ್ಟಿವ್ ಒಳಗೆ ಎಳೆ ಕಂಡರೆ ಹೊಸದರ ಬೆಲೆ ವಿಚಾರಿಸಿ, ಅಷ್ಟನ್ನು ಕಳೆದು ದರ ಮಾತಾಡಿ.